ಎಂದೂ ಮಲಗದ ಕಂಪ್ಯೂಟರಿನಲ್ಲಿ ಮಾಡಿದ ಪರೀಕ್ಷೆ

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು. ನಾನು ಕೈಯಾಡಿಸುವ ಕರ್ನೆಲನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಅದನ್ನು ನೋಡಿಕೊಳ್ಳುವವರು ಒಪ್ಪಿದರೆ ಒಳಗೆ ಸೇರುತ್ತದೆ. ನನ್ನದೊಂದು ಪ್ಯಾಚ್, ಅಂದರೆ ಅಂಥ ತಿದ್ದುಪಡಿ, ಬರೀ ಹನ್ನೊಂದು ಸಾಲಿನದು, ಹಾಗೆ ಸೇರಿದಾಗ ಶಿವಮೊಗ್ಗದ ನಮ್ಮ ಬೀದಿಗೆಲ್ಲ ಪೇಡ ಹಂಚಿದೆ. ಮಗಳಿಗೆ ಗಂಡು ಗೊತ್ತಾಯಿತೇ ಎಂದು ಎದುರುಮನೆಯವರು ಕೇಳಿದರು.

ಅದನ್ನು ಬರೆದದ್ದು ಭಾವನಿಗಾಗಿ. ಅಕ್ಕನ ಗಂಡ, ಭದ್ರಾವತಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನಡೆಸುತ್ತಾರೆ. ತೂಕದ ಯಂತ್ರದಿಂದ ಕಂಪ್ಯೂಟರಿಗೆ ಬರುವ ಕೇಬಲ್ ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಅದನ್ನು ಸರಿಮಾಡಿ, ಒಂದು ವಾರ ಅಲ್ಲೇ ಕೂತು ಪರೀಕ್ಷಿಸಿ ಕಳಿಸಿದ್ದೆ.

ಎರಡು ವಾರ ಕಳೆದಿರಲಿಲ್ಲ. ಬುಧವಾರ ಬೆಳಿಗ್ಗೆ, ಹೊಸ ಕರ್ನೆಲನ್ನು ಬಿಡುಗಡೆಗೆ ಮುಂಚೆಯೇ ಹಾಕಿ ನೋಡುವ ಯಾವುದೋ ದೇಶದ ಅಪರಿಚಿತರ ಮೇಲ್ ಬಂತು. ಅಂಥದೇ ಕೇಬಲ್ ಸಿಕ್ಕಿಸಿದ ಲ್ಯಾಪ್‌ಟಾಪನ್ನು ಮುಚ್ಚಿದರೆ ಅದು ಸ್ಲೀಪ್‌ಗೆ, ಅಂದರೆ ನಿದ್ದೆಗೆ, ಹೋಗುತ್ತದಲ್ಲ, ಮತ್ತೆ ತೆರೆದರೆ ಪರದೆ ಕಪ್ಪು, ಏನು ಮಾಡಿದರೂ ಏಳುವುದಿಲ್ಲ. ಕಾರಣ ನನ್ನ ಪ್ಯಾಚ್. ಹೊಸ ಕರ್ನೆಲ್ ಬಿಡುಗಡೆ ಭಾನುವಾರ. ಅಷ್ಟರೊಳಗೆ ಏನೂ ಮಾಡದಿದ್ದರೆ ನನ್ನ ತಪ್ಪು ಊರೂರಿಗೆ ಹೋಗುತ್ತದೆ.

ಸೇರಿದ್ದನ್ನು ಅಲ್ಲಿ ಗುಟ್ಟಾಗಿ ಅಳಿಸುವ ಹಾಗಿಲ್ಲ. ಹಿಂತೆಗೆಯಲು ಇನ್ನೊಂದು ಪ್ಯಾಚ್ ಕಳಿಸಬೇಕು, ಕಾರಣ ಬರೆಯಬೇಕು, ಕೆಳಗೆ ಹೆಸರು ಹಾಕಬೇಕು. ಕಾರಣ, ಹೆಸರು ಎರಡೂ ಶಾಶ್ವತವಾಗಿ ಉಳಿಯುತ್ತವೆ. ಅದಕ್ಕೆ ಹೆದರಿ, ಹಿಂತೆಗೆಯುವ ಬದಲು ತೇಪೆ ಹಾಕಲು ಕೂತೆ. ತೇಪೆಯ ಮೇಲೆ ತೇಪೆ. ನನ್ನ ಲ್ಯಾಪ್‌ಟಾಪನ್ನು ಹತ್ತು ಸಲ ಮುಚ್ಚಿ ತೆರೆದರೆ ಒಂಬತ್ತು ಸಲ ಏಳುತ್ತಿತ್ತು. ಒಂಬತ್ತು ಸಾಕಲ್ಲವೇ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ.

"ರೀ, ಮುಚ್ಚಳ ಕಿತ್ತು ಕೈಗೆ ಬರುತ್ತೆ. ಊಟಕ್ಕೆ ಬನ್ನಿ," ಎಂದಳು ಹೆಂಡತಿ.

ಶುಕ್ರವಾರ ತೇಪೆ ಕಳಿಸಿದೆ. ಕರ್ನೆಲ್ ನೋಡಿಕೊಳ್ಳುವವರ ಉತ್ತರ ಎರಡೇ ಸಾಲು: ಮೊದಲು ಹಿಂತೆಗೆಯಿರಿ, ಆಮೇಲೆ ನಿಧಾನವಾಗಿ ಸರಿಮಾಡಿ. ಅಂದಹಾಗೆ, ಆ ಮೊದಲ ಪ್ಯಾಚನ್ನು ಎಲ್ಲಿ ಪರೀಕ್ಷಿಸಿದ್ದಿರಿ?

ಉತ್ತರ ಹುಡುಕಿಕೊಂಡು ಶನಿವಾರ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ.

"ಭಾವ, ಈ ಕಂಪ್ಯೂಟರ್ ಯಾವತ್ತಾದ್ರೂ ಸ್ಲೀಪ್‌ಗೆ ಹೋಗಿದ್ಯಾ?"

"ಲಾರಿಯವರು ಹಾರ್ನ್ ಹೊಡೀತಾ ನಿಂತಿರುವಾಗ ಇದಕ್ಕೆಂಥ ನಿದ್ದೆ ಮಾರಾಯ! ಆಯುಧಪೂಜೆಗೂ ಆರಿಸಲ್ಲ, ಆನ್ ಇದ್ದಂಗೇ ಕುಂಕುಮ ಇಡೋದು. ಆ ಸ್ಲೀಪ್ ಆಗೋದನ್ನ ನೀನೇ ತಾನೇ ಬಂದು ತೆಗೆದಿದ್ದು?"

ನಾನೇ. ಮೂರು ವರ್ಷದ ಹಿಂದೆ. ಚಹಾ ಕುಡಿಯುತ್ತಾ.

"ಪ್ಯಾಚ್ ವಾಪಸ್ ತಗೋಬೇಕು ಭಾವ."

"ನಂದು ಮತ್ತೆ ಕೆಡುತ್ತಾ?"

"ಅಪ್‌ಡೇಟ್ ಮಾಡದಿದ್ರೆ ಇಲ್ಲ."

"ನಾನ್ಯಾವಾಗ ಮಾಡಿದ್ದೆ? ಇಷ್ಟಕ್ಕೆ ಮುಖ ಹೀಗೆ ಒಣಗಿಸ್ಕೊಂಡಿದ್ಯಾ? ನಾನೆಲ್ಲೋ ಬಿಪಿ ಅಂದ್ಕೊಂಡೆ."

ತೂಕದ ಕೋಣೆಯಲ್ಲೇ ಲ್ಯಾಪ್‌ಟಾಪ್ ತೆರೆದು ಹಿಂತೆಗೆಯುವ ಪ್ಯಾಚ್ ಬರೆದೆ. ಕಾರಣದ ಜಾಗದಲ್ಲಿ, ಇಂಥ ಅಪರೂಪದ ಸಂದರ್ಭವನ್ನು ಊಹಿಸುವುದು ಕಷ್ಟವಿತ್ತು ಎಂದು ಒಂದು ಪ್ಯಾರಾ ಬರೆದು ಅಳಿಸಿದೆ. ಲ್ಯಾಪ್‌ಟಾಪ್ ಮುಚ್ಚುವುದು ಯಾವ ಲೋಕದಲ್ಲಿ ಅಪರೂಪ? ಪರೀಕ್ಷಿಸಿದ ಕಂಪ್ಯೂಟರ್ ಮಲಗದಂತೆ ನಾನೇ ಮಾಡಿಟ್ಟಿದ್ದೆ, ಅದನ್ನು ಮರೆತಿದ್ದೆ ಎಂದಷ್ಟೇ ಬರೆದು, ಹೆಸರು ಹಾಕಿ ಕಳಿಸಿದೆ.

ವಾಪಸು ಹೋಗುವ ಬಸ್ಸು ಇನ್ನೂ ಹೊರಟಿರಲಿಲ್ಲ, ಉತ್ತರ ಬಂತು: ಸೇರಿಸಿಕೊಂಡಿದ್ದೇನೆ, ಧನ್ಯವಾದ. ಆ ಧನ್ಯವಾದ ಹಿಂತೆಗೆದದ್ದಕ್ಕೋ, ಮರೆತದ್ದನ್ನು ಒಪ್ಪಿಕೊಂಡದ್ದಕ್ಕೋ ಎಂದು ಶಿವಮೊಗ್ಗ ಬರುವವರೆಗೂ ಯೋಚಿಸುತ್ತಾ ಕೂತಿದ್ದೆ.