ಎರಡು ಬೆರಳು ಹೆಚ್ಚಿದ್ದ ಗ್ರಾಫಿಕ್ಸ್ ಕಾರ್ಡು

ನನ್ನ ಗಂಡನಿಗೆ ಒಮಾನಿನ ವೀಸಾ ಕೊಡಿಸಿದ್ದು ಅವರ ಅಣ್ಣ. ಗಲ್ಫಿನಲ್ಲಿ ಬದುಕಿದವರಿಗೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀಸಾ ಕೊಡಿಸಿದವರು ನಿಮ್ಮ ಮನೆಗೆ ಫ್ರಿಜ್ ಆರಿಸುತ್ತಾರೆ, ಕಾರು ಆರಿಸುತ್ತಾರೆ, ಮಗುವಿಗೆ ಶಾಲೆ ಆರಿಸುತ್ತಾರೆ, ರಜೆಗೆ ಊರಿಗೆ ಯಾವ ತಿಂಗಳು ಹೋಗಬೇಕೆಂದೂ ಹೇಳುತ್ತಾರೆ. ನೀವು ತಲೆಯಾಡಿಸುತ್ತೀರಿ. ರುಸೈಲಿನ ಕಾರ್ಖಾನೆಯಲ್ಲಿ ನನ್ನ ಗಂಡನಿಗೆ ಸೂಪರ್‌ವೈಸರ್ ಕೆಲಸ ಸಿಕ್ಕಿ ಹದಿನಾಲ್ಕು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ಅವರು ಅಣ್ಣನ ಮುಂದೆ ಒಂದು ಸಲವೂ ಇಲ್ಲ ಎಂದದ್ದನ್ನು ನಾನು ಕೇಳಿಲ್ಲ.

ನಾನು ಭಾವನನ್ನು ದ್ವೇಷಿಸಲು ಶುರು ಮಾಡಿದ್ದು ಫ್ರಿಜ್ಜಿನ ಕಾರಣಕ್ಕಲ್ಲ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಮದುವೆಗೆ ಮುಂಚೆ ನಾಲ್ಕು ವರ್ಷ ಕಂಪ್ಯೂಟರ್ ರಿಪೇರಿ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ಮಗಳಿಗೆ ಆರು ವರ್ಷವಾಗಿದ್ದಾಗ ಖುರುಮ್‌ನ ಒಂದು ಆಫೀಸಿನಲ್ಲಿ ನನ್ನಂಥವಳೊಬ್ಬಳು ಬೇಕಾಗಿದ್ದಾಳೆ ಎಂದು ತಿಳಿದು ಅರ್ಜಿ ಕೊಟ್ಟಿದ್ದೆ. ಒಳ್ಳೆಯ ಸೀರೆ ಇಸ್ತ್ರಿ ಮಾಡಿಟ್ಟು ಕಾದೆ. ಕರೆ ಬರಲೇ ಇಲ್ಲ. ನಾಲ್ಕು ವರ್ಷದ ಮೇಲೆ ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ ಆ ಆಫೀಸಿನವರೊಬ್ಬರು ಸಿಕ್ಕಿ, "ನೀವು ಬರ್ತೀರಾ ಅಂತ ತುಂಬಾ ನೋಡಿದ್ವಿ. ನಿಮ್ಮ ಭಾವನೇ ಫೋನ್ ಮಾಡಿ, ಅವಳಿಗೆ ಇಂಟರೆಸ್ಟ್ ಇಲ್ಲ, ಮನೆ ನೋಡ್ಕೋಬೇಕು ಅಂದ್ರಲ್ಲ" ಎಂದರು. ನನ್ನ ಕೈಯಲ್ಲಿ ಕೇಕಿನ ತಟ್ಟೆ ಇತ್ತು. ಕೇಕು ತಿಂದು ಮುಗಿಸಿದೆ, ರುಚಿ ಗೊತ್ತಾಗಲಿಲ್ಲ. ಗಂಡನಿಗೆ ಹೇಳಿದೆ. "ಆಗಿಹೋಗಿದ್ದು ಬಿಡು" ಎಂದರು. ನಾನು ಬಿಡಲಿಲ್ಲ. ಹೊಟ್ಟೆಯೊಳಗೆ ಇಟ್ಟುಕೊಂಡೆ.

ಕಳೆದ ವರ್ಷ ಮಗಳು ಹತ್ತನೆಯ ತರಗತಿ ಮುಗಿಸಿದಳು. ಅವಳು ಕೇಳಿದ್ದು ಒಂದೇ, ಆಟ ಆಡಲು ಒಂದು ಕಂಪ್ಯೂಟರ್. ಅವಳ ಜೀವದ ಗೆಳತಿ ಅಪ್ಪನ ಕೆಲಸ ಹೋಗಿ ಪುಣೆಗೆ ವಾಪಸಾಗಿದ್ದಳು. ಇಬ್ಬರೂ ಮತ್ತೆ ಜೊತೆಯಾಗಿರಲು ಇದ್ದ ದಾರಿ ಆ ಆನ್‌ಲೈನ್ ಆಟವೊಂದೇ. ನಾಲ್ಕು ಹುಡುಗಿಯರ ತಂಡ ಕಟ್ಟಿಕೊಂಡಿದ್ದರು, ರಜೆಯಲ್ಲಿ ಹುಡುಗಿಯರದೇ ಒಂದು ಪಂದ್ಯಾವಳಿ ಇತ್ತು. ಅವಳ ಹಳೆಯ ಲ್ಯಾಪ್‌ಟಾಪು ಆಟ ತೆರೆಯುವಷ್ಟರಲ್ಲೇ ನಿಂತುಬಿಡುತ್ತಿತ್ತು. ಗಂಡ ಒಪ್ಪಿದರು, ಆದರೆ ಖರ್ಚಿಗೆ ಮಿತಿ ಹಾಕಿದರು. ಅಂಗಡಿಯ ಸಿದ್ಧ ಕಂಪ್ಯೂಟರ್ ಆ ಮಿತಿಯಲ್ಲಿ ಬರುವುದಿಲ್ಲ. ಬಿಡಿ ಭಾಗಗಳನ್ನು ಆರಿಸಿ ನಾವೇ ಜೋಡಿಸಬೇಕು. "ನಾನು ಆರಿಸ್ತೀನಿ" ಎಂದೆ. ಆ ಮಾತು ಬಾಯಿಂದ ಹೊರಬಿದ್ದಾಗ ಬೆನ್ನು ನೆಟ್ಟಗಾದದ್ದು ನನಗೇ ತಿಳಿಯಿತು.

ಎರಡು ವಾರ ಅದೇ ಕೆಲಸ ಮಾಡಿದೆ. ಲ್ಯಾಬು ಬಿಟ್ಟು ಹದಿನೇಳು ವರ್ಷವಾಗಿತ್ತು, ಎಲ್ಲದರ ಹೆಸರೂ ಬದಲಾಗಿತ್ತು, ಆದರೆ ಲೆಕ್ಕಾಚಾರ ಬದಲಾಗಿರಲಿಲ್ಲ. ಪ್ರೊಸೆಸರ್ ಮೇಲೆ ದುಡ್ಡೆಲ್ಲ ಸುರಿದರೆ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಏನೂ ಉಳಿಯುವುದಿಲ್ಲ. ಬಣ್ಣದ ದೀಪಗಳಿಗೆ ಸುರಿದರೆ ಯಾವುದಕ್ಕೂ ಉಳಿಯುವುದಿಲ್ಲ. ಪವರ್ ಸಪ್ಲೈನಲ್ಲಿ ಕಂಜೂಸುತನ ಮಾಡಿದರೆ ಒಂದು ದಿನ ಎಲ್ಲವನ್ನೂ ಸುಟ್ಟುಕೊಂಡು ಕೂರಬೇಕು. ಬಸ್ಸು ಹಿಡಿದು ರೂವಿಯ ಪೇಟೆಗೆ ನಾಲ್ಕು ಸಲ ಹೋಗಿ ಅಂಗಡಿಗಳಲ್ಲಿ ಪೆಟ್ಟಿಗೆಗಳನ್ನು ತೆಗೆಸಿ ನೋಡಿದೆ. ಕೊನೆಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಚೆಂದವಾಗಿ ಬರೆದೆ. ಎಲ್ಲ ಭಾಗಗಳೂ ಕೂರುವ ಡಬ್ಬಿಗೆ, ಅಂದರೆ ಕ್ಯಾಬಿನೆಟ್ಟಿಗೆ, ನೋಡಲು ಲಕ್ಷಣವಿಲ್ಲದ ಆದರೆ ಒಳಗೆ ಧಾರಾಳ ಜಾಗವಿರುವ ಒಂದು ಕಪ್ಪು ಡಬ್ಬಿಯನ್ನು ಬರೆದು, ಪಕ್ಕದಲ್ಲಿ 'ಕಾರ್ಡಿನ ಉದ್ದ ಅಳೆದು ಕೊಳ್ಳುವುದು' ಎಂದು ಸೇರಿಸಿದೆ.

ಗಂಡ ಆ ಹಾಳೆಯನ್ನು ಅಣ್ಣನಿಗೆ ತೋರಿಸಿದರು. ತೋರಿಸದೆ ಇರಲು ಅವರಿಂದ ಆಗುವುದಿಲ್ಲ. ಭಾವ ನಮ್ಮ ಮನೆಯ ಸೋಫಾದಲ್ಲಿ ಕೂತು ಅದನ್ನು ಒಮ್ಮೆ ನೋಡಿ, ಮಡಿಸಿ, ಟೀಪಾಯಿಯ ಮೇಲಿಟ್ಟು ಅದರ ಮೇಲೆ ಟೀ ಲೋಟ ಇಟ್ಟರು.

"ನಿಂಗ್ಯಾಕಮ್ಮ ಈ ತಲೆನೋವೆಲ್ಲ? ನಾನಿದೀನಲ್ಲ. ಪಾಪುಗೆ ಏನು ಬೇಕೋ ನಾನು ನೋಡ್ಕೋತೀನಿ. ಖಲಾಸ್."

"ಹಾಗೇ ಆಗ್ಲಿ ಬಿಡಣ್ಣ" ಎಂದರು ನನ್ನ ಗಂಡ. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಹಾಳೆಯ ನಡುವೆ ದುಂಡಗೆ ಒದ್ದೆಯಾಗಿತ್ತು.

ಒಂದು ವಾರದಲ್ಲಿ ಭಾವ ಸಾಮಾನು ತಂದು ಮಗಳ ಕೋಣೆಯಲ್ಲಿ ಪೇರಿಸಿಟ್ಟರು. ಮದರ್‌ಬೋರ್ಡು, ರ್‍ಯಾಮ್, ಪವರ್ ಸಪ್ಲೈ ಎಲ್ಲ ನನ್ನ ಹಾಳೆಯಲ್ಲಿದ್ದವೇ. ಅಂಗಡಿಯವನಿಗೆ ಅದನ್ನೇ ತೋರಿಸಿದ್ದರೆಂದು ಕಾಣುತ್ತದೆ, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಬದಲಾಯಿಸಿದ್ದು ಎರಡನ್ನು. ನಾನು ಬರೆದಿದ್ದ ಚಿಕ್ಕ ಕಾರ್ಡಿನ ಬದಲು, ಕೆಲಸ ಬಿಟ್ಟು ಖಾಯಮ್ಮಾಗಿ ಊರಿಗೆ ಹೊರಟಿದ್ದ ಸಹೋದ್ಯೋಗಿಯಿಂದ ಮೂರು ಫ್ಯಾನಿನ ಉದ್ದನೆಯ ಕಾರ್ಡೊಂದನ್ನು ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ತಂದಿದ್ದರು. ನಿಜ ಹೇಳಬೇಕೆಂದರೆ ಅದು ನಾನು ಆರಿಸಿದ್ದಕ್ಕಿಂತ ಒಳ್ಳೆಯ ಕಾರ್ಡು. ಆ ನಿಜ ನನ್ನನ್ನು ಇನ್ನಷ್ಟು ಉರಿಸಿತು. ಇನ್ನೊಂದು ಕ್ಯಾಬಿನೆಟ್. ಗಾಜಿನ ಪಕ್ಕೆಯ, ಬಣ್ಣದ ದೀಪದ, ಮುದ್ದಾದ ಪುಟ್ಟ ಡಬ್ಬಿ. ಪ್ರೊಸೆಸರ್ ದುಬೈಯಿಂದ ಬರುವವರ ಕೈಲಿ ಬರಬೇಕಿತ್ತು, ಅದಕ್ಕೆ ಮೂರು ವಾರ ಕಾಯಬೇಕು. "ಅಲ್ಲೀತನಕ ಯಾರೂ ಮುಟ್ಬೇಡಿ, ನಾನೇ ಬಂದು ಜೋಡಿಸ್ತೀನಿ" ಎಂದು ಹೇಳಿ ಹೋದರು. ಮಗಳು ಮುಟ್ಟಲಿಲ್ಲ. ಅವಳು ಹೇಳಿದ ಮಾತು ಕೇಳುವ ಹುಡುಗಿ.

ಮರುದಿನ ಅವಳು ಹೊರಗೆ ಹೋಗಿದ್ದಾಗ ನಾನು ಬ್ಲೌಸಿನ ಅಳತೆ ಟೇಪು ತೆಗೆದುಕೊಂಡು ಕಾರ್ಡನ್ನು ಅಳೆದೆ. ಡಬ್ಬಿಯ ಒಳಗನ್ನು ಅಳೆದೆ. ಮತ್ತೊಮ್ಮೆ ಅಳೆದೆ. ಕಾರ್ಡು ಡಬ್ಬಿಗಿಂತ ಎರಡು ಬೆರಳಿನಷ್ಟು ಹೆಚ್ಚು ಉದ್ದವಾಗಿತ್ತು. ಏನೇ ತಿಪ್ಪರಲಾಗ ಹಾಕಿದರೂ ಅದು ಆ ಡಬ್ಬಿಯೊಳಗೆ ಹೋಗುವುದಿಲ್ಲ.

ಮಗಳ ಮಂಚದ ಮೇಲೆ ಕೂತು ನಾನು ನಕ್ಕೆ. ಜೋರಾಗಿಯೇ ನಕ್ಕೆ. ದೇವರು ಕಣ್ಣುಬಿಟ್ಟ ಅನ್ನಿಸಿತು.

ಡಬ್ಬಿಯ ಜೊತೆಗಿದ್ದ ಬಿಲ್ಲಿನ ಮೇಲೆ ಹದಿನೈದು ದಿನದೊಳಗೆ ಬದಲಾಯಿಸಿ ಕೊಡುತ್ತೇವೆ ಎಂದು ಬರೆದಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಂಡನಿಗೆ ಹೇಳಬಹುದಿತ್ತು, ಮಗಳಿಗೆ ಹೇಳಬಹುದಿತ್ತು, ನಾನೇ ಡಬ್ಬಿ ಹೊತ್ತುಕೊಂಡು ಹೋಗಿ ಬದಲಾಯಿಸಬಹುದಿತ್ತು. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಭಾವ "ಹೌದಾ, ಸರಿ" ಎಂದು ಇನ್ನೊಂದು ಡಬ್ಬಿ ತರುತ್ತಾರೆ, ಕಂಪ್ಯೂಟರ್ ಹೊತ್ತಿಕೊಳ್ಳುತ್ತದೆ, ಎಲ್ಲರೂ ಅವರನ್ನು ಹೊಗಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡೆ. ಹದಿನೈದನೆಯ ದಿನ ತರಕಾರಿಗೆಂದು ರೂವಿಗೆ ಹೋದವಳು ಆ ಅಂಗಡಿಯ ಮುಂದೆಯೇ ನಡೆದು ಬಂದೆ. ಆ ದಿನ ಬದನೆಕಾಯಿ ತುಂಬ ಚೆನ್ನಾಗಿದ್ದವು, ಎರಡು ಕಿಲೋ ತಂದೆ.

ಪ್ರೊಸೆಸರ್ ಬಂತು. ಭಾವ ಶುಕ್ರವಾರ ಜೋಡಿಸುವುದೆಂದು ಗೊತ್ತುಮಾಡಿ, ತಮ್ಮ ಆಫೀಸಿನ ಎರಡು ಕುಟುಂಬಗಳನ್ನು ನಮ್ಮ ಮನೆಗೇ ಊಟಕ್ಕೆ ಕರೆದರು. ಜನರ ಮುಂದೆ ಮಾಡಿದರೇ ಅವರಿಗೆ ಮಾಡಿದ ಹಾಗೆ. ಬೇರೆ ದಿನವಾಗಿದ್ದರೆ ಅಷ್ಟು ಜನಕ್ಕೆ ಅಡುಗೆ ಮಾಡಲು ಹಲ್ಲು ಕಡಿಯುತ್ತಿದ್ದೆ. ಅವತ್ತು ನಾನೇ ಇನ್ನೊಂದು ಮನೆಯವರನ್ನೂ ಕರೆದೆ. ಬಿಸಿಬೇಳೆಬಾತ್, ಬೋಂಡ, ಶಾವಿಗೆ ಪಾಯಸ. ಮದುವೆ ಮನೆಯಲ್ಲೂ ಅಷ್ಟು ಉತ್ಸಾಹದಿಂದ ನಾನು ಒಗ್ಗರಣೆ ಹಾಕಿರಲಿಲ್ಲ.

ಮಗಳ ತಂಡದ ಮೊದಲ ಪಂದ್ಯ ಅವತ್ತೇ ಸಂಜೆ ನಾಲ್ಕಕ್ಕೆ. ಆಟವನ್ನೆಲ್ಲ ಮೊದಲೇ ಡಿಸ್ಕಿಗೆ ಇಳಿಸಿಟ್ಟುಕೊಂಡು, ಬೆಳಿಗ್ಗೆಯಿಂದ ಗೆಳತಿಗೆ ಫೋನಿನಲ್ಲಿ ಸುದ್ದಿ ಕೊಡುತ್ತಾ ಓಡಾಡುತ್ತಿದ್ದಳು. "ಅಮ್ಮಾ, ದೊಡ್ಡಪ್ಪ ಮೂರು ಗಂಟೆಗೆ ಡನ್ ಅಂದಿದಾರೆ" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ನಾನು ಅವಳ ಕೈಗೆ ಒಂದು ಬೋಂಡ ಕೊಟ್ಟೆ.

ಊಟವಾದ ಮೇಲೆ ಭಾವ ಊಟದ ಮೇಜಿನ ಮೇಲೆ ಬೆಡ್‌ಶೀಟು ಹಾಸಿ ಶುರುಮಾಡಿದರು. ಸುತ್ತ ಜನ. ಪ್ರೊಸೆಸರ್ ಕೂರಿಸಿದರು, ರ್‍ಯಾಮ್ ಹಾಕಿದರು, ಮದರ್‌ಬೋರ್ಡನ್ನು ಡಬ್ಬಿಯೊಳಗೆ ಇಳಿಸಿ ಸ್ಕ್ರೂ ಬಿಗಿದರು, ಎಲ್ಲ ಸರಿಯಾಗಿಯೇ. ಪ್ರತಿಯೊಂದಕ್ಕೂ ವಿವರಣೆ, ನಡುನಡುವೆ ನನ್ನ ಗಂಡನ ಕಡೆ ತಿರುಗಿ "ನೋಡ್ಕೊಳೋ" ಎಂಬ ಉಪದೇಶ. ನಾನು ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತಾ ನಿಂತೆ. ಅವರು ಕಾರ್ಡಿನ ಪೆಟ್ಟಿಗೆಗೆ ಕೈ ಹಾಕಿದರು. ಇನ್ನೂ ಮುಚ್ಚಳವನ್ನೂ ತೆಗೆದಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅದು ಹಿಡಿಯಲ್ಲ ಭಾವ. ಎರಡು ಬೆರಳು ಜಾಸ್ತಿ ಆಗತ್ತೆ."

"ಏನಮ್ಮ?" ಎಂದು ನಕ್ಕು ಅವರು ಕಾರ್ಡು ತೆಗೆದು ಡಬ್ಬಿಗೆ ಹಿಡಿದರು. ಹೋಗಲಿಲ್ಲ. ಓರೆ ಮಾಡಿದರು. ಹೋಗಲಿಲ್ಲ. ಡಬ್ಬಿಯನ್ನೇ ಮಗುಚಿದರು, ಕನ್ನಡಕ ತೆಗೆದರು, ಹಾಕಿಕೊಂಡರು. ಹಣೆಯ ಬೆವರು ಮದರ್‌ಬೋರ್ಡಿನ ಮೇಲೆ ಬೀಳದಂತೆ ಪಕ್ಕದವರು ಟಿಶ್ಯೂ ಕೊಟ್ಟರು. ಅವರ ಆಫೀಸಿನವರೊಬ್ಬರು ತಮಾಷೆಗೆ "ಸರ್, ಗರಗಸ ತರ್ಲಾ?" ಎಂದಾಗ ಎಲ್ಲರೂ ನಕ್ಕರು. ಭಾವ ನಗಲಿಲ್ಲ. "ಡಬ್ಬಿದೇ ಏನೋ ಡಿಫೆಕ್ಟು" ಎಂದರು.

"ಡಬ್ಬಿದೇನೂ ತಪ್ಪಿಲ್ಲ" ಎಂದೆ. ವರ್ಷಗಟ್ಟಲೆ ಕನ್ನಡಿಯ ಮುಂದೆ ಆಡಿಕೊಂಡಿದ್ದ ಮಾತು ಸಲೀಸಾಗಿ ಬಂತು. "ಅಳತೆ ನೋಡಿ ಕೊಳ್ಳಿ ಅಂತ ಹಾಳೇಲಿ ಬರೆದಿದ್ದೆ. ನೀವು ಅದರ ಮೇಲೆ ಲೋಟ ಇಟ್ರಿ. ಖುರುಮ್ ಆಫೀಸಿಗೆ ನಾನು ಅರ್ಜಿ ಹಾಕಿದ್ದಾಗ, ಅವಳಿಗೆ ಇಂಟರೆಸ್ಟ್ ಇಲ್ಲ ಅಂತ ನೀವೇ ಫೋನ್ ಮಾಡಿದ್ರಿ. ಇಂಟರೆಸ್ಟ್ ಇತ್ತು ಭಾವ. ನಿಮಗಿಂತ ಚೆನ್ನಾಗಿ ಕೆಲಸಾನೂ ಗೊತ್ತಿತ್ತು."

ಗಂಡ ನೆಲ ನೋಡುತ್ತಾ ನಿಂತರು. ಭಾವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಳಿದುಹೋಯಿತು. ಕಾರ್ಡನ್ನು ಮೆಲ್ಲಗೆ ಪೆಟ್ಟಿಗೆಯೊಳಗೆ ಇಟ್ಟು, "ಪಾಪುಗೆ ಖುಷಿ ಆಗ್ಲಿ ಅಂತ ತಂದಿದ್ದು" ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ಹೊರಟುಹೋದರು. ಉಳಿದವರಿಗೆ ನಾನು ಪಾಯಸ ಬಡಿಸಿದೆ. ನನ್ನ ಹೊಟ್ಟೆ ಅಷ್ಟು ತಣ್ಣಗಾಗಿ ಎಷ್ಟೋ ವರ್ಷವಾಗಿತ್ತು. ಇವತ್ತಿಗೂ ಆ ಗಳಿಗೆಯನ್ನು ನೆನೆದರೆ ನನಗೆ ಸುಖವಾಗುತ್ತದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಬಂದವರು ಹೋಗಿ, ಪಾತ್ರೆ ತೊಳೆಯುತ್ತಿದ್ದಾಗ ನನಗೊಂದು ವಿಷಯ ಹೊಳೆಯಿತು. ಡಬ್ಬಿಯೇ ಬೇಕಾಗಿರಲಿಲ್ಲ. ಎಲ್ಲ ಭಾಗಗಳನ್ನೂ ಮೇಜಿನ ಮೇಲೆ ರಟ್ಟು ಹಾಸಿ ಹರಡಿಟ್ಟು ಹಾಗೆಯೇ ಓಡಿಸಬಹುದಿತ್ತು. ಮೈಸೂರಿನ ಲ್ಯಾಬಿನಲ್ಲಿ ದಿನಕ್ಕೆ ನಾಲ್ಕು ಸಲ ಹಾಗೆ ಮಾಡುತ್ತಿದ್ದೆ, ಹತ್ತು ನಿಮಿಷದ ಕೆಲಸ. ಕೈ ಒರೆಸಿಕೊಂಡು ಓಡಿದೆ. ಗಡಿಯಾರದಲ್ಲಿ ಐದಾಗಿತ್ತು. ಮಗಳು ಮಂಚದ ಮೇಲೆ ಕೂತಿದ್ದಳು. ತಂಡದವರು ಅವಳ ಜಾಗಕ್ಕೆ ಬೇರೆ ಹುಡುಗಿಯನ್ನು ಸೇರಿಸಿಕೊಂಡಿದ್ದರು.

"ಅಮ್ಮಾ, ದೊಡ್ಡಪ್ಪ ಬಾಕ್ಸ್ ಓಪನ್ ಮಾಡೋಕೆ ಮುಂಚೆನೇ ನೀನು ಎರಡು ಬೆರಳು ಅಂದೆ. ಹೌ ಡಿಡ್ ಯೂ ನೋ?"

"ಅಳೆದಿದ್ದೆ."

"ಯಾವಾಗ?"

ಸುಳ್ಳು ಹೇಳಬಹುದಿತ್ತು. "ತಂದ ಮರುದಿನಾನೇ" ಎಂದೆ.

ಅವಳು ಬೆರಳು ಮಡಿಸಿ ದಿನ ಎಣಿಸಿದಳು. "ಶಾಪ್‌ನಲ್ಲಿ ಚೇಂಜ್ ಮಾಡ್ಕೊಡ್ತಿದ್ರು. ಇವತ್ತು ಮ್ಯಾಚ್ ಅಂತಾನೂ ನಿಂಗೆ ಗೊತ್ತಿತ್ತು."

"ನಾಳೆ ಬೆಳಿಗ್ಗೆ ಹೋಗಿ ದೊಡ್ಡ ಕ್ಯಾಬಿನೆಟ್ ತರೋಣ ಪುಟ್ಟಿ. ನಾನೇ ಜೋಡಿಸಿಕೊಡ್ತೀನಿ."

"ಬೇಡ. ದೊಡ್ಡಪ್ಪಂಗೆ ಫೋನ್ ಮಾಡ್ದೆ. ಅವರು ಬರ್ತಾರೆ." ಅವಳ ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಅವರಿಗೆ ಗೊತ್ತಿರ್ಲಿಲ್ಲ ಅಮ್ಮಾ. ನಿಂಗೆ ಗೊತ್ತಿತ್ತು."

ಶನಿವಾರ ಬೆಳಿಗ್ಗೆ ಭಾವನ ಕಾರು ಬಂತು. ಅವರು ಮೇಲೆ ಬರಲಿಲ್ಲ. ಮಗಳು ಪುಟ್ಟ ಡಬ್ಬಿಯನ್ನೂ ಕಾರ್ಡನ್ನೂ ಒಂದೊಂದಾಗಿ ತಾನೇ ಇಳಿಸಿದಳು, ನನ್ನ ಕೈ ತಾಗಿಸಲಿಲ್ಲ. ನಾನು ಹಿಂದೆಯೇ ಮೆಟ್ಟಿಲಿಳಿದು ಹೋಗಿ ಕೆಳಗಿನ ಬಾಗಿಲ ಮರೆಯಲ್ಲಿ ನಿಂತೆ. ಭಾವ ಡಿಕ್ಕಿ ಮುಚ್ಚುತ್ತಾ ಮೇಲೆ ನಮ್ಮ ಬಾಲ್ಕನಿಯತ್ತ ನೋಡಿದರು. ನಾನು ಇಷ್ಟು ಹತ್ತಿರ ನಿಂತಿರುವುದು ಅವರಿಗೆ ತಿಳಿದಿರಲಿಲ್ಲ.

"ಅಮ್ಮನ್ನೂ ಕರ್ಕೊಂಡು ಹೋಗೋಣ ಕಣೋ ಪಾಪು" ಎಂದರು. "ಇದೆಲ್ಲ ಅವಳಿಗೇ ಸರಿಯಾಗಿ ಗೊತ್ತಾಗೋದು. ಆರಿಸಿದ್ದೆಲ್ಲ ಅವಳೇ."

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ನಾನು ಕೇಳಬೇಕೆಂದಿದ್ದುದು ಆ ಒಂದು ಮಾತನ್ನೇ. ಬಾಗಿಲ ಮರೆಯಿಂದ ಒಂದು ಹೆಜ್ಜೆ ಮುಂದಿಟ್ಟೆ.

"ಬೇಡ ದೊಡ್ಡಪ್ಪ" ಎಂದಳು ಮಗಳು. "ನಾವೇ ಹೋಗೋಣ."