ಎದುರು ಪಕ್ಷದ ಮುರಾರಿ ಭಾವ

ನನ್ನ ಭಾವ ಮುರಾರಿಯ ದವಡೆ ಮುರಿದದ್ದು ೨೦೦೯ರ ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಮುಂಬಯಿ ಪಕ್ಕದ ಡೊಂಬಿವಲಿಯ ಅವರದೇ ಮನೆಯಲ್ಲಿ, ಊಟಕ್ಕೆ ಎಲೆ ಹಾಕಿಯಾದ ಮೇಲೆ. ಹೊಡೆದವರು ಊಟಕ್ಕೆಂದು ಕರೆಸಿಕೊಂಡವರೇ. ವಿಳಾಸ ಬರೆದುಕೊಟ್ಟವರು ಸ್ವತಃ ಭಾವ. ಇಷ್ಟು ಹೇಳಿದರೆ ಕೇಳಿದವರು, ನಿಮ್ಮ ಭಾವನಿಗೆ ತಲೆ ಸರಿ ಇರಲಿಲ್ಲವಾ ಎನ್ನುತ್ತಾರೆ. ತಲೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಇಲ್ಲದಿದ್ದರೆ ನನಗೆ ಇವತ್ತಿಗೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಶಂಭು, ಭಾವನ ಹೆಂಡತಿ ವಸಂತಿಯ ತಮ್ಮ. ಕಲ್ಯಾಣದಲ್ಲಿ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಹೋಟೆಲು ನಡೆಸುತ್ತೇನೆ. ಸಾಂಬಾರಿನ ಬಟ್ಟಲನ್ನು ವೇಟರನ ಮುಖಕ್ಕೆ ಎಸೆದ ಗಿರಾಕಿಯ ಹಲ್ಲು ಉದುರಿಸಿ ಒಂದು ದಿನ ಲಾಕಪ್ಪಿನಲ್ಲಿ ಕುಳಿತು ಬಂದವನು. ಭಾವ ನನ್ನ ಹಾಗಲ್ಲ. ಕೋಪರಖೈರಣೆಯ ಒಂದು ಪ್ರೆಸ್ಸಿನಲ್ಲಿ ಇಂಗ್ಲಿಷ್ ವೈದ್ಯಕೀಯ ಪುಸ್ತಕಗಳ ಪ್ರೂಫ್ ನೋಡುತ್ತಿದ್ದರು. ಕೈ ಎತ್ತಿದವರಲ್ಲ, ಆದರೆ ಬಾಯಿ ಮುಚ್ಚಿದವರೂ ಅಲ್ಲ. ಒಮ್ಮೆ ಲೋಕಲ್ ರೈಲಿನಲ್ಲಿ ಸೀಟಿಗಾಗಿ ಇಬ್ಬರು ಬಡಿದಾಡುತ್ತಿದ್ದಾಗ, ಸೋಲುತ್ತಿದ್ದವನ ಪರವಾಗಿ ರೈಲು ಠಾಣೆ ತಲುಪುವ ತನಕ ವಾದಿಸಿ, ಕೊನೆಗೆ ಅವನಿಂದಲೇ ಕೆನ್ನೆಗೆ ಬಾರಿಸಿಕೊಂಡು ಇಳಿದರು. ಮನೆಗೆ ಬಂದು ಅವನ ಪೆಟ್ಟಿಗೂ ಒಂದು ನ್ಯಾಯ ಹುಡುಕಿ ಅಕ್ಕನಿಗೆ ವಿವರಿಸಿದರಂತೆ.

ಈ ಚಟದ ಮೂಲ ತಾಳಮದ್ದಳೆ. ಉಡುಪಿ ಕಡೆಯ ನಾವು ಊರು ಬಿಟ್ಟರೂ ಅದನ್ನು ಬಿಡುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಒಬ್ಬ ದೇವರಾಗಿ, ಒಬ್ಬ ರಾಕ್ಷಸನಾಗಿ, ಆಗಲೇ ಬಾಯಿಗೆ ಬಂದ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ಡೊಂಬಿವಲಿಯ ನಮ್ಮ ಶನಿವಾರದ ಕೂಟದಲ್ಲಿ ಭಾವ ಯಾವಾಗಲೂ ಎದುರು ಪಕ್ಷ. ಕೊನೆಗೆ ಸಾಯಲೇಬೇಕಾದ ರಾಜನ ಪಾತ್ರವನ್ನೇ ಕೇಳಿ ಪಡೆಯುತ್ತಿದ್ದರು. ಗೆಲ್ಲುವವನ ಪರ ಕಥೆಯೇ ಇದೆ, ಸೋಲುವವನಿಗೆ ಮಾತಾಡಲಿಕ್ಕೆ ಯಾರಾದರೂ ಬೇಡವೇ ಎಂಬುದು ಅವರ ಪ್ರಶ್ನೆ. ಒಂದು ಸಲ ಎದುರಿನವರನ್ನು ಕುಲಗೆಟ್ಟವನೇ ಎಂದು ಜಾಲಾಡಿಸಿ, ಪಾಪ, ಆ ಮುದುಕರ ಕಣ್ಣಲ್ಲಿ ನೀರೇ ತರಿಸಿದರು. ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರು. ಭಾವ ಅವರಿಗೆ ಇನ್ನೊಂದು ಸೌಟು ಪಾಯಸ ಹಾಕಿಸಿದರು. ಆಡಿದ ಜಗಳವನ್ನು ಅಲ್ಲಿಯೇ ಬಿಟ್ಟು ಏಳಬೇಕೆಂದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

೨೦೦೪ರಲ್ಲಿ ಮಗಳು ಅಪೇಕ್ಷಾಳ ಓದಿಗೆಂದು ಮನೆಗೆ ಕಂಪ್ಯೂಟರ್ ತಂದರು. ಮಗಳು ಅದರಲ್ಲಿ ಓದಿದ್ದು ಅಷ್ಟಕ್ಕಷ್ಟೇ. ಭಾವ ಇಂಗ್ಲಿಷಿನ ಒಂದು ಚರ್ಚಾಕೂಟದ ತಾಣ ಹುಡುಕಿಕೊಂಡು, ‘ಪ್ರತಿವಾದಿ’ ಎಂದು ಹೆಸರಿಟ್ಟುಕೊಂಡು ಕುಳಿತುಬಿಟ್ಟರು. ಅಲ್ಲಿ ದೇಶದೇಶಗಳ ಜನ ಮುಖ ತೋರಿಸದೆ ಕಚ್ಚಾಡುತ್ತಿದ್ದರು. ಪುಸ್ತಕಗಳು ಕಾಗದದಲ್ಲಿ ಉಳಿಯುತ್ತವೋ ಇಲ್ಲವೋ, ಸರಕಾರ ನಮ್ಮ ಪತ್ರಗಳನ್ನು ಕದ್ದು ಓದಬಹುದೋ ಬಾರದೋ, ಯಾವ ದೇಶ ಯಾವುದರ ಮೇಲೆ ಬಾಂಬು ಹಾಕಬೇಕು, ಇದೇ ಮಾತು. ಕಾಗದ ಉಳಿಯಬೇಕು ಎಂದು ಎಲ್ಲರೂ ಅಂದಾಗ, ಪ್ರೆಸ್ಸಿನ ಅನ್ನ ತಿನ್ನುವ ಈ ಮನುಷ್ಯ ಪ್ರೆಸ್ಸುಗಳನ್ನೆಲ್ಲ ಗುಜರಿಗೆ ಹಾಕಿ ಎಂದು ಒಂದು ವಾರ ವಾದಿಸಿದರು. ಯಾರೋ ಪ್ರಕಾಶಕ, ನಿನ್ನ ಬೆರಳುಗಳನ್ನು ಕಾಗದ ಕತ್ತರಿಸುವ ಯಂತ್ರಕ್ಕೆ ಕೊಡಬೇಕು ಎಂದು ಬರೆದ. ಭಾವ ಅದನ್ನು ನನಗೆ ಓದಿ ಹೇಳಿ, ಎದುರಾಳಿ ಬಿಸಿಯಾಗಿದ್ದಾನೆ ಎಂದು ಸಂತೋಷಪಟ್ಟರು.

೨೦೦೫ರಲ್ಲಿ ಅಲ್ಲಿ ಶಾಂತಿಯ ಮಾತು ಜೋರಾಗಿತ್ತು. ಸರಿ, ಭಾವ ಯುದ್ಧದ ಪಕ್ಷ ಹಿಡಿದರು. ಎತ್ತಿದ ಕೈ ಇಳಿಯುವ ತನಕ ಕಾಯುವವನು ಸಜ್ಜನನಲ್ಲ, ಹೆಣ. ಮೊದಲು ಹೊಡೆದದ್ದು ಅಪರಾಧವಲ್ಲ, ಎಚ್ಚರ ಎಂದು ಬರೆದರು. ಆ ಬರಹವನ್ನು ನೂರಾರು ಜನ ಹೊಗಳಿದರು, ಎತ್ತಿ ಎತ್ತಿ ಬೇರೆ ಕಡೆ ಹಾಕಿದರು. ಹೊಗಳಿದವರಲ್ಲಿ ‘ಫೌಲಾದ್’, ಅಂದರೆ ಉಕ್ಕು, ಎಂದು ಹೆಸರಿಟ್ಟುಕೊಂಡವನೊಬ್ಬ ಇದ್ದ.

೨೦೦೮ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ನಡೆದಾಗ ನಮ್ಮೆಲ್ಲರ ರಕ್ತ ಕುದಿಯುತ್ತಿತ್ತು. ಹೋಟೆಲಿನ ಟೀವಿಯೆದುರು ನಿಂತು ಕೊಲ್ಲಬೇಕು, ಸುಡಬೇಕು ಎಂದು ನಾನೂ ಕೂಗಿದವನೇ. ತಾಣದಲ್ಲಿ ಎಲ್ಲರೂ ಅದನ್ನೇ ಕೂಗುತ್ತಿದ್ದರು. ಎದುರು ಪಕ್ಷದ ಚಾಪೆ ಖಾಲಿ ಇತ್ತು. ಭಾವ ಅಲ್ಲಿ ಹೋಗಿ ಕುಳಿತರು. ಶತ್ರುವಿನ ಬಾಯಿಯಿಂದ ಮಾತಾಡಿದರು, ನಾವು ಅವನಿಗೆ ಮಾಡಿದ್ದು ಏನೇನು ಎಂದು ಅವನಾಗಿಯೇ ಕೇಳಿದರು, ಅದೂ ಚೆನ್ನಾಗಿ ಕೇಳಿದರು. ಅವರಿಗೆ ಕೆಟ್ಟದಾಗಿ ವಾದಿಸಲು ಬರುತ್ತಿರಲಿಲ್ಲ, ಅದೇ ಕರ್ಮ. ನಾಲಿಗೆ ಕೀಳುತ್ತೇವೆ, ಹೆಂಡತಿ ಮಕ್ಕಳನ್ನು ನಿನ್ನ ಕಣ್ಣೆದುರೇ ಕೊಚ್ಚುತ್ತೇವೆ ಎಂದು ದಿನಾ ಬರತೊಡಗಿತು. ಎಲ್ಲಕ್ಕಿಂತ ಹೆಚ್ಚು ಉರಿದವನು ಆ ಫೌಲಾದ್. ಅವನು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನವನೆಂದು ಒಂದು ಮಾತಿನಲ್ಲಿ ಹೊರಬಿತ್ತು. ಭಾವ ಹಿಗ್ಗಿದರು, ನಮ್ಮ ಪಕ್ಕದವನೇ ಎಂದರು. ಭಾನುವಾರ ಊಟಕ್ಕೆ ಬಾ, ಉಳಿದ ವಾದ ಎಲೆಯ ಮುಂದೆ ಮುಗಿಸೋಣ ಎಂದು ಕಟ್ಟಡದ ಹೆಸರು, ಮಾಳಿಗೆ, ಫೋನ್ ನಂಬರು ಎಲ್ಲ ಬರೆದು ಕಳಿಸಿದರು.

ನನಗೆ ಗೊತ್ತಾದದ್ದು ಶನಿವಾರ. ಫೋನು ಮಾಡಿ ಕೇಳಿದೆ.

“ಎಂತ ಭಾವ, ಕೊಲ್ತೇನೆ ಅಂತ ಬರ್ದವನಿಗೆ ಊಟ ಹಾಕ್ತೀರಾ?”

“ಅಷ್ಟು ಆವೇಶದಲ್ಲಿ ಮಾತಾಡಿದವನಿಗೆ ಹಸಿವಾಗಿರ್ತದೆ ಮಾರಾಯ.”

ನಾನು ಅವತ್ತೇ ಹೋಗಿ ಆ ಕಂಪ್ಯೂಟರನ್ನು ಕಿಟಕಿಯಿಂದ ಹೊರಗೆ ಎಸೆಯಬೇಕಿತ್ತು. ಹೋಟೆಲಿನಲ್ಲಿ ಗಿರಾಕಿಗಳಿದ್ದರು, ಹೋಗಲಿಲ್ಲ.

ನಾಲ್ಕು ಜನ ಬಂದರು. ಅಕ್ಕ ಬೆಳಗಿನಿಂದ ಕುಳಿತು ಪತ್ರೊಡೆ, ಹಯಗ್ರೀವ ಮಾಡಿದ್ದಳು. ಬರುವವನೊಬ್ಬನೇ ಎಂಬ ಲೆಕ್ಕದಲ್ಲಿ ಮಾಡಿದ್ದೆನಲ್ಲ ಎಂದು ಅವಳಿಗೆ ಚಿಂತೆಯಾಯಿತಂತೆ. ಭಾವ ಬನ್ನಿ ಬನ್ನಿ, ಕೈಕಾಲು ತೊಳೆಯಿರಿ ಎಂದು ಬಚ್ಚಲಿನ ಬಾಗಿಲು ತೋರಿಸಲು ತಿರುಗಿದರು. ಅಂಗಿಯೊಳಗಿನಿಂದ ಕಬ್ಬಿಣದ ಸಲಾಕೆ ಹೊರಬಂದದ್ದು ಆಗ. ಮೊದಲ ಏಟು ದವಡೆಗೆ. ಭಾವ ಎಲೆಗಳ ಮೇಲೆ ಬಿದ್ದರು. ಇಬ್ಬರು ಅವರ ಪಕ್ಕೆಗೆ ಒದೆಯುತ್ತಿದ್ದರು, ಒಬ್ಬ ಕಂಪ್ಯೂಟರು ಪುಡಿ ಮಾಡುತ್ತಿದ್ದ. ಅಕ್ಕ ಅನ್ನದ ಸಟ್ಟುಗದಿಂದ ಒಬ್ಬನ ಕತ್ತಿಗೆ ಬಾರಿಸಿದಳು. ಅವನು ಅವಳ ಜುಟ್ಟು ಹಿಡಿದು ಗೋಡೆಗೆ ಹೊಡೆದ. ಹತ್ತೊಂಬತ್ತರ ಅಪೇಕ್ಷಾ ಕೋಣೆಯಿಂದ ಓಡಿ ಬಂದು ಅಪ್ಪನ ಮೇಲೆ ಅಡ್ಡ ಬಿದ್ದಳು. ಫೌಲಾದ್ ಎಂಬವನು, ನಿಜ ಹೆಸರು ಸಮಿತ್, ಭಾವನ ತಲೆಗೆಂದು ಬೀಸಿದ ಸಲಾಕೆ ಅವಳ ಎಡಗಣ್ಣಿಗೆ ಬಿತ್ತು. ಅವಳ ಕೂಗಿಗೆ ಅವರೇ ಹೆದರಿ ಮೆಟ್ಟಿಲಿಳಿದು ಓಡಿದರಂತೆ.

ನಾನು ಕಲ್ಯಾಣದಿಂದ ಬರುವಷ್ಟರಲ್ಲಿ ಮನೆಯಲ್ಲಿ ರಕ್ತವೂ ಹಯಗ್ರೀವವೂ ಒಂದೇ ನೆಲದ ಮೇಲಿದ್ದವು. ನೆರೆಯವರು ಮೂವರನ್ನೂ ಆಸ್ಪತ್ರೆಗೆ ಸಾಗಿಸಿದ್ದರು. ಅಕ್ಕನಿಗೆ ಹಣೆಯಲ್ಲಿ ಹೊಲಿಗೆ. ಭಾವನ ಎರಡು ಸಾಲು ಹಲ್ಲುಗಳನ್ನು ತಂತಿಯಿಂದ ಬಿಗಿದರು, ಆರು ವಾರ ಬಾಯಿ ತೆರೆಯುವ ಹಾಗಿಲ್ಲ. ಅಪೇಕ್ಷಾಳ ಕಣ್ಣು ಹೋಯಿತು ಎಂದು ಡಾಕ್ಟರು ಎರಡನೇ ದಿನ ಹೇಳಿದರು. ಅವಳಿಗೆ ಇನ್ನೂ ಹೇಳಿರಲಿಲ್ಲ. ಭಾವನಿಗೆ ಎಚ್ಚರ ಬಂದಾಗ ಬರೆಯಲು ಒಂದು ನೋಟುಬುಕ್ಕು ಕೊಟ್ಟೆ. ಅವರು ಬರೆದ ಮೊದಲ ಸಾಲು, ‘ಅವರು ಊಟ ಮಾಡದೆ ಹೋದರಾ?’ ಎಂದು. ದೇವರಾಣೆ, ಉಳಿದ ಹಲ್ಲುಗಳನ್ನು ನಾನೇ ಉದುರಿಸಬೇಕೆನ್ನಿಸಿತು. ಹೊರಗೆ ಹೋಗಿ ಗೋಡೆಗೆ ಗುದ್ದಿಕೊಂಡು ಬಂದೆ.

ಫೋನಿನ ಜಾಡು ಹಿಡಿದು ಪೊಲೀಸರು ವಾರದೊಳಗೆ ನಾಲ್ವರನ್ನೂ ಹಿಡಿದರು. ತಿಂಗಳ ನಂತರ ಸಮಿತನ ಅಪ್ಪ ಭಾವನ ಮನೆಗೆ ಬಂದರು. ಹೆಸರು ಬಾಲಪ್ಪ, ಬಿಜಾಪುರದ ಕಡೆಯವರು, ಕಳಂಬೋಲಿಯಲ್ಲಿ ಲಾರಿ ವ್ಯವಹಾರ. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಹೊಗಳಿ, ಬೈದಾಡಿಕೊಂಡವರು ಇಬ್ಬರೂ ಕನ್ನಡದವರೇ ಎಂದು ನಮಗೆ ಆಗ ತಿಳಿಯಿತು. ಬಾಲಪ್ಪನವರ ಕೈಯಲ್ಲಿ ಒಂದು ಹಾಳೆ ಇತ್ತು. ಭಾವ ೨೦೦೫ರಲ್ಲಿ ಬರೆದದ್ದು, ಮೊದಲು ಹೊಡೆಯುವವನ ಪರ. ಸಮಿತ್ ಅದನ್ನು ಅಚ್ಚು ಮಾಡಿ ಮಂಚದ ತಲೆಯ ಕಡೆ ಅಂಟಿಸಿಕೊಂಡಿದ್ದನಂತೆ.

“ನನ್ನ ಮಗ ನಿಮ್ಮ ಬರಹಾ ಓದೇ ಬೆಳದಾನ್ರಿ. ಹೊಡಿ ಅಂತ ಕಲಿಸಿದವ್ರು ನೀವು, ಹೊಡದಾಂವ ಅಂವ. ಈಗ ಜೈಲು ಅವಂಗೊಬ್ಬಂಗಽ ಆದ್ರ ಹ್ಯಾಂಗ್ರಿ?”

ನಾನು ಅವರ ಕೊರಳಪಟ್ಟಿ ಹಿಡಿದು ಬಾಗಿಲಿಗೆ ಒತ್ತಿ ಎರಡು ಬಿಟ್ಟೆ. ಅರವತ್ತು ದಾಟಿದ ಮನುಷ್ಯ, ಕೈ ಅಡ್ಡ ತರಲಿಲ್ಲ, ಅತ್ತರು. ಅಕ್ಕ ನನ್ನನ್ನು ಎಳೆದು ಕೂರಿಸಿದಳು. ಭಾವ ಆ ಹಾಳೆಯನ್ನು ಮೂರು ಸಲ ಓದಿದರು. ಅವರ ಮುಖದಲ್ಲಿ ನನಗೆ ಪರಿಚಯವಿದ್ದ ಆ ಕಳೆ ಬಂತು, ಕೂಟದಲ್ಲಿ ಸೋಲುವವನ ಮಾತು ಎತ್ತಿಕೊಳ್ಳುವಾಗ ಬರುತ್ತಿದ್ದದ್ದು.

ಎರಡು ದಿನ ಕುಳಿತು ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದರು. ಸಮಿತನ ವಕೀಲನಿಗೆ ಕೊಡಲು. ಆ ಹುಡುಗನ ಭಯ, ನಗರದ ಭಯ, ಮುಖ ಕಾಣದ ಕಡೆ ಮಾತು ಹೇಗೆ ಕತ್ತಿಯಾಗುತ್ತದೆ, ಅವನನ್ನು ಕೆಣಕಿದ ತನ್ನ ತಪ್ಪು, ಎಲ್ಲ ಇತ್ತು. ಬಾಲಪ್ಪ ಎಷ್ಟು ದುಡ್ಡು ಸುರಿದಿದ್ದರೂ ಅಂಥ ವಾದ ಸಿಗುತ್ತಿರಲಿಲ್ಲ. ಅದು ವಕೀಲನ ಕೈ ಸೇರಿದರೆ ಕೇಸು ಬಿದ್ದುಹೋಗುತ್ತಿತ್ತು. ಹರಿದು ಹಾಕುತ್ತೇನೆಂದು ನಾನು ಕೈ ಚಾಚಿದೆ. ಅಪೇಕ್ಷಾ ನನಗಿಂತ ಮೊದಲು ತೆಗೆದುಕೊಂಡಳು.

ಕಣ್ಣಿಗೆ ಇನ್ನೂ ಪಟ್ಟಿ ಇತ್ತು. ಉಳಿದ ಒಂದು ಕಣ್ಣಿನಿಂದ ಓದಿ ಅವಳಿಗೆ ರೂಢಿಯಾಗಿರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಾಲ್ಕು ಪುಟವನ್ನೂ ನಿಧಾನವಾಗಿ ಓದಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಹುಡುಗಿ ಅವಳು. ಅವತ್ತು ಅಪ್ಪನಿಗೆ ತಪ್ಪದೆ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಕೇಳಿದಳು.

“ಪಪ್ಪಾ, ಇದ್ರಲ್ಲಿ ನಾನು ಎಲ್ಲಿದ್ದೇನೆ?”

ಭಾವ ಹಾಳೆಗಳನ್ನು ತೆಗೆದುಕೊಂಡು ಹುಡುಕಿದರು. ನಿಜವಾಗಿ ಹುಡುಕಿದರು, ಎರಡೆರಡು ಸಲ ಮಗುಚಿ ನೋಡಿದರು. ನಾಲ್ಕು ಪುಟದಲ್ಲಿ ಎಲ್ಲಿಯೂ ಅವಳ ಹೆಸರಿರಲಿಲ್ಲ, ಕಣ್ಣು ಎಂಬ ಮಾತೂ ಇರಲಿಲ್ಲ. ಅವರು ಹಾಳೆಗಳನ್ನು ತೊಡೆಯ ಮೇಲಿಟ್ಟು ಕುಳಿತರು. ಬಿಗಿದ ತಂತಿಯ ಒಳಗಿನಿಂದ ನಾಯಿಮರಿ ಕುಂಯ್‌ಗುಟ್ಟಿದಂಥ ಸದ್ದು ಬಂತು. ಅಪೇಕ್ಷಾ ಎದ್ದು ಒಳಗೆ ಹೋದಳು. ಮತ್ತೆ ಮೂರು ವರ್ಷ, ಬೇಕು ಬೇಡ ಎಂಬಷ್ಟು ಬಿಟ್ಟರೆ, ಅಪ್ಪನೊಡನೆ ಮಾತಾಡಲಿಲ್ಲ. ಆ ಹಾಳೆಗಳು ವಕೀಲನಿಗೆ ಹೋಗಲಿಲ್ಲ. ಆದರೆ ಕೋರ್ಟಿನಲ್ಲಿ ಭಾವ ಯಾರ ಪರ ಮಾತಾಡುತ್ತಾರೋ ಎಂಬ ಬಗ್ಗೆ ನನಗೆ ಕೊನೆಯವರೆಗೂ ನಂಬಿಕೆ ಇರಲಿಲ್ಲ. ಅವರ ನಾಲಿಗೆಯ ಗುಣ ನನಗೆ ಗೊತ್ತು.

೨೦೧೨ರಲ್ಲಿ ಕಲ್ಯಾಣದ ಕೋರ್ಟಿನಲ್ಲಿ ಅವರ ಸಾಕ್ಷಿ ಬಂತು. ಸಮಿತನ ವಕೀಲ ಆ ಹಳೆಯ ಹಾಳೆ ಎತ್ತಿ ಹಿಡಿದ. ಇದನ್ನು ಬರೆದವರು ನೀವೇ? ನಾನೇ. ಮೊದಲು ಹೊಡೆಯುವುದು ಅಪರಾಧವಲ್ಲ ಎಂದು ಬರೆದದ್ದನ್ನು ನೀವು ನಂಬುತ್ತೀರೋ ಇಲ್ಲವೋ? ಗುಂಡಿ ಚೆನ್ನಾಗಿ ತೋಡಿದ್ದ. ನಂಬುತ್ತೇನೆ ಎಂದರೆ ಹುಡುಗ ಶಿಷ್ಯ. ಇಲ್ಲ ಎಂದರೆ ಇವರು ಸುಳ್ಳುಗಾರ. ಭಾವನಿಗೆ ಇದಕ್ಕೆ ಹತ್ತು ಉತ್ತರ ಗೊತ್ತಿದ್ದವು. ಸೊಟ್ಟಗೆ ಕೂಡಿಕೊಂಡ ದವಡೆ ಅಲುಗಾಡುತ್ತಿತ್ತು, ಒಂದೊಂದನ್ನೂ ತೂಗಿ ನೋಡುವ ಹಾಗೆ. ಹಿಂದಿನ ಬೆಂಚಿನಲ್ಲಿ ಅಪೇಕ್ಷಾ ತಲೆ ತಗ್ಗಿಸಿಕೊಂಡು ಕುಳಿತಿದ್ದಳು. ನಾನು ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಇವರು ಈಗ ಆ ಹುಡುಗನ ಪರ ಒಂದು ಮಾತಾಡಿದರೆ ಅಲ್ಲಿಯೇ ಕತ್ತು ಹಿಸುಕುವವನಿದ್ದೆ.

ಅವರು ಮರಾಠಿಯಲ್ಲಿ ಹೇಳಿದ್ದರ ಕನ್ನಡ ಇಷ್ಟು:

“ಅದು ಬರೀ ಮಾತು, ಸಾಹೇಬರೇ. ಆಡಲಿಕ್ಕೆ ಬರ್ತದೆ ಅಂತ ಆಡಿದ್ದು. ನನ್ನ ಹತ್ತಿರ ಈಗ ವಾದ ಇಲ್ಲ. ನನ್ನ ಮಗಳಿಗೆ ಎರಡು ಕಣ್ಣಿತ್ತು. ಒಂದನ್ನು ಇವನು ಒಡೆದ.”

ವಕೀಲ ಮತ್ತೆ ಮತ್ತೆ ಕೆಣಕಿದ. ಭಾವ ಬೆರಳನ್ನು ಸಮಿತನ ಕಡೆ ಚಾಚಿ, ಇವನು ಒಡೆದ ಎಂಬುದಷ್ಟನ್ನೇ ಹೇಳಿದರು, ನಾಲ್ಕು ಸಲ, ಐದು ಸಲ. ಒಬ್ಬ ಅರ್ಥಧಾರಿ ತಾನು ಆಡಿದ್ದನ್ನು ಬರೀ ಮಾತು ಎಂದು ಜನರೆದುರು ಉಗುಳುವುದೆಂದರೆ ಏನೆಂದು ಆ ಕೋಣೆಯಲ್ಲಿ ನನಗೂ ಅಕ್ಕನಿಗೂ ಮಾತ್ರ ಗೊತ್ತಿತ್ತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಸಮಿತನಿಗೆ ಏಳು ವರ್ಷ ಜೈಲಾಯಿತು. ಭಾವ ಮತ್ತೆ ಕೂಟಕ್ಕೆ ಹೋಗಲಿಲ್ಲ. ಕರೆಯಲು ಬಂದವರಿಗೆ ದವಡೆಯ ನೆಪ ಹೇಳುತ್ತಾರೆ.

ಸಾಕ್ಷಿ ಹೇಳಿದ ದಿನ ಕೋರ್ಟಿನ ಹೊರಗೆ ರಿಕ್ಷಾ, ಬಸ್ಸುಗಳ ನಡುವೆ ರಸ್ತೆ ದಾಟಬೇಕಿತ್ತು. ಕಣ್ಣು ಹೋದ ಮೇಲೆ ಅಪೇಕ್ಷಾ ತನ್ನ ಎಡಗಡೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಕಾಣದ ಕಡೆಯಿಂದ ಏಟು ಬೀಳುತ್ತದೆಂಬ ಹೆದರಿಕೆ. ಅವಳ ಅಮ್ಮನಾದರೂ ಬಲಗಡೆಯೇ ನಡೆಯಬೇಕು, ಗೋಡೆ ಇದ್ದರೆ ಎಡಕ್ಕೆ ಗೋಡೆ. ಭಾವ ಅದನ್ನು ಮರೆತು ಎಡಗಡೆಗೆ ಹೋಗಿ ನಿಂತರು. ನಾನು ಕೂಗಿ ಕರೆಯುವವನಿದ್ದೆ. ಅವಳು ಬೇಡವೆಂದು ನನಗೆ ಕೈ ಮಾಡಿದಳು.

“ಲೇಟ್ ಬೋಲಾ, ಪಪ್ಪಾ,” ಎಂದಳು ಹಿಂದಿಯಲ್ಲಿ, ತಡವಾಗಿ ಹೇಳಿದೆ ಎಂದು. “ಚಲ್.”

ಅವರು ಅವಳ ಕಾಣದ ಕಡೆಯಲ್ಲೇ ನಡೆದು ರಸ್ತೆ ದಾಟಿಸಿದರು.