ಲವೊನ್ ಮೆಟ್ಲರ್ ಮತ್ತು ನಲವತ್ತೊಂದನೆಯ ದಿನ

ಸೌತ್ ಡಕೋಟಾದ ಟೋರ್ಸ್‌ಬಿ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿ ನಿವೃತ್ತಳಾದ ಲವೊನ್ ಮೆಟ್ಲರಳಿಗೆ ಸರ್ಕಾರದ ಬಗ್ಗೆ ಇದ್ದ ಅಭಿಪ್ರಾಯ ಬಹಳ ಸರಳ. ಸರ್ಕಾರ ರಸ್ತೆಯ ಮೇಲಿನ ಹಿಮ ತೆಗೆಸಬೇಕು, ಕಳ್ಳರನ್ನು ಹಿಡಿಸಬೇಕು, ಉಳಿದ ಹೊತ್ತು ಕೈಕಟ್ಟಿ ತೆಪ್ಪಗೆ ಕೂತಿರಬೇಕು. ಮನೆ ಮುಂದೆ ಬಾವುಟ, ಭಾನುವಾರ ಲೂಥರನ್ ಚರ್ಚಿನ ಮೂರನೆಯ ಸಾಲು, ಚುನಾವಣೆ ಬಂದರೆ ರಿಪಬ್ಲಿಕನ್ನರಿಗೆ ಓಟು, ಓಟು ಹಾಕಿದ ಮಾರನೆಯ ದಿನದಿಂದ ಅದೇ ರಿಪಬ್ಲಿಕನ್ನರಿಗೆ ಬೈಗುಳ. ಇಷ್ಟರಲ್ಲೇ ಅವಳ ರಾಜಕೀಯ ಮುಗಿದುಹೋಗುತ್ತಿತ್ತು. ಆದರೆ ನಿವೃತ್ತಿಯ ಮೊದಲ ಚಳಿಗಾಲದಲ್ಲೇ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಅವಳು ಕೂತಲ್ಲೇ ಕೂರಬೇಕಾಯಿತು. ಸೊಸೆ ತನ್ನ ಹಳೆಯ ಟ್ಯಾಬ್ಲೆಟ್ ತಂದುಕೊಟ್ಟು, "ಇದರಲ್ಲಿ ರಾಜಧಾನಿ ಪಿಯರ್‌ನಲ್ಲಿ ನಡೆಯೋ ಶಾಸನಸಭೆ ಪೂರ್ತಿ ಕೇಳಿಸುತ್ತೆ ಅತ್ತೆ, ಬೇಜಾರಾದಾಗ ಹಾಕ್ಕೊಳಿ, ಒಳ್ಳೆ ನಿದ್ದೆ ಬರುತ್ತೆ" ಅಂದಳು.

ನಿದ್ದೆ ಬರಲಿಲ್ಲ. ಬದಲಿಗೆ ರಕ್ತ ಕುದಿಯಿತು. ಸರ್ಕಾರ ಸುಮ್ಮನೆ ಕೂತಿರುತ್ತದೆ ಎಂದು ನಂಬಿದ್ದವಳಿಗೆ, ಒಂದೊಂದು ಅಧಿವೇಶನದಲ್ಲೂ ಐನೂರು ಮಸೂದೆ ಮಂಡನೆಯಾಗುತ್ತವೆ ಎಂಬುದು ಗೊತ್ತಾದದ್ದೇ ಆಗ. ಶಾಲೆಯ ಊಟದ ಪಟ್ಟಿ ಬರೆಯುತ್ತಿದ್ದ ಹಳೆಯ ನೋಟುಪುಸ್ತಕ ತೆಗೆದು ನಡುವೆ ಗೆರೆ ಎಳೆದಳು. ಎಡಕ್ಕೆ "ಬೇಡ" ಎಂದು ಬರೆದಳು, ಬಲಕ್ಕೆ "ಬೇಡವೇ ಬೇಡ" ಎಂದು ಬರೆದಳು. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೇಳುವಳು, ಬಟ್ಟೆ ಮಡಚುತ್ತಾ ಕೇಳುವಳು. ಗಂಡ ಮಿಲ್ಟ್ ಚರ್ಚಿನ ಬಸ್ಸು ಓಡಿಸುವವನು, ಮಾತು ಕಡಿಮೆ. ಅವನು ಉಪ್ಪು ಕೇಳಿದರೂ "ಸೂಚನೆಗೆ ಅನುಮೋದನೆ ಇದೆಯಾ?" ಅನ್ನುವ ಮಟ್ಟಕ್ಕೆ ಅವಳು ಬಂದುಬಿಟ್ಟಳು.

ಊರಿನ ಶಾಸಕ ಡ್ವೈಟ್ ಟೈಗನ್ ಅವಳ ಕೈಯ ಅಡುಗೆ ಉಂಡು ಬೆಳೆದವನು. ನಾಯಿಗಳ ಕೂದಲು ಕತ್ತರಿಸುವವರಿಗೆ ಪರವಾನಗಿ ಬೇಕೆಂಬ ಮಸೂದೆಗೆ ಅವನು ಸಮಿತಿಯಲ್ಲಿ "ಹೌದು" ಅಂದದ್ದು ಕಿವಿಗೆ ಬಿದ್ದ ಐದೇ ನಿಮಿಷಕ್ಕೆ ಅವನ ಫೋನು ಬಡಿದುಕೊಂಡಿತು.

"ಡ್ವೈಟ್, ನಾನು ಕಣೋ, ಮಿಸೆಸ್ ಮೆಟ್ಲರ್."

"ಹೇಳಿ ಮಿಸೆಸ್ ಮೆಟ್ಲರ್, ಮೊಣಕಾಲು ಹೇಗಿದೆ?"

"ನನ್ನ ಮೊಣಕಾಲು ಬಿಡು. ತಟ್ಟೇಲಿ ಬಟಾಣಿ ಬಿಟ್ಟು ಎದ್ದೋಗ್ತಿದ್ದ ಹುಡುಗ ನೀನು. ನಿನ್ನನ್ನ ಯಾರಾದ್ರೂ ಲೈಸೆನ್ಸ್ ಕೇಳಿದ್ರಾ? ಈಗ ನಾಯಿ ಕೂದಲಿಗೆ ಲೈಸೆನ್ಸ್ ಕೇಳೋಕೆ ಹೋಗಿದೀಯಲ್ಲ!"

ಮೂವತ್ತೆಂಟು ವಯಸ್ಸಿನ, ಎರಡು ಸಾವಿರ ಎಕರೆ ಸೋಯಾ ಬೆಳೆಯುವ ಡ್ವೈಟ್, ಸದನದಲ್ಲಿ ಮತಕ್ಕೆ ಹಾಕಿದಾಗ ತಲೆತಗ್ಗಿಸಿ "ಇಲ್ಲ" ಅಂದ. ಟ್ಯಾಬ್ಲೆಟ್ಟಿನಲ್ಲಿ ಆ "ಇಲ್ಲ" ಕೇಳಿಸಿದಾಗ ಲವೊನ್‌ಗೆ ಆದ ಸಂತೋಷ ಮಗನ ಮದುವೆಯಲ್ಲೂ ಆಗಿರಲಿಲ್ಲ.

ಹೀಗಿರುವಾಗ ಬಂತು ಹನ್ನೊಂದು ಅರವತ್ಮೂರು ನಂಬರಿನ ಮಸೂದೆ. ಐವತ್ತಕ್ಕಿಂತ ಹೆಚ್ಚು ಜನಕ್ಕೆ ಊಟ ಹಾಕುವ ಯಾವುದೇ ಸಾರ್ವಜನಿಕ ಅಡುಗೆಮನೆಯಲ್ಲಿ ತರಬೇತಿ ಪಡೆದ, ಪರವಾನಗಿ ಇರುವ ಒಬ್ಬರು ನಿಂತು ಉಸ್ತುವಾರಿ ಮಾಡಬೇಕು ಎಂದು ಅದರಲ್ಲಿತ್ತು. ತಂದವಳು ಸೂ ಫಾಲ್ಸ್‌ನ ವಕೀಲೆ, ಶಾಸಕಿ ಕೊರಿನ್ ಆಸ್ಟ್‌ಬಿ. ಲವೊನ್ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಚರ್ಚಿನ ಅಡುಗೆಮನೆಗೆ ಹೋಗಿ ಗೆಳತಿ ಯೂನಿಸ್‌ಗೆ ಓದಿ ಹೇಳಿದಳು. ಯೂನಿಸ್ ಆ ಅಡುಗೆಮನೆಯ ಇನ್ನೊಂದು ಆಧಾರಸ್ತಂಭ, ನಲವತ್ತು ವರ್ಷದ ಒಡನಾಡಿ.

"ಅಂದ್ರೆ ಮಣ್ಣು ಮಾಡಿ ಬಂದೋರಿಗೆ ಊಟ ಹಾಕೋಕೂ ಸರ್ಟಿಫಿಕೇಟ್ ಬೇಕಾ?" ಯೂನಿಸ್ ಸೌಟು ಕೆಳಗಿಟ್ಟಳು.

"ಬೇಕಂತೆ. ಇಲ್ದಿದ್ರೆ ಹೆಣಕ್ಕೆ ಬಂದೋರನ್ನ ನಲವತ್ತೊಂಬತ್ತಕ್ಕೆ ನಿಲ್ಲಿಸಬೇಕು."

"ನಮ್ಮಪ್ಪನಿಗೆ ಮುನ್ನೂರು ಜನ ಬಂದಿದ್ರು ಕಣೇ!"

ಆ ವಾರವೇ ಚರ್ಚಿನ ಹೆಂಗಸರ ಸೇನೆ ಸಿದ್ಧವಾಯಿತು. ಶಾಸಕರಿಗೆಲ್ಲ ಕಾರ್ಡು ಬರೆಯಬೇಕೆಂದು ತೀರ್ಮಾನವಾಯಿತು. ಮನೆಯಲ್ಲಿ ಖಾಲಿ ಕಾರ್ಡು ಸಾಲದ್ದಕ್ಕೆ ಅಡುಗೆ ವಿಧಾನ ಬರೆದಿಟ್ಟ ಹಳೆಯ ಕಾರ್ಡುಗಳ ಹಿಂಭಾಗದಲ್ಲೇ "1163 ಬೇಡ" ಎಂದು ಬರೆದು ಕಳಿಸಿದರು. ಇದರಿಂದ ಅನಿರೀಕ್ಷಿತ ಲಾಭವೊಂದಾಯಿತು: ಬೇರೆಯವರ ಪತ್ರಗಳೆಲ್ಲ ಕಸದ ಬುಟ್ಟಿ ಸೇರಿದರೆ ಇವರದು ಮಾತ್ರ ಶಾಸಕರ ಹೆಂಡತಿಯರ ಕೈ ಸೇರಿ ಅಡುಗೆಮನೆಗಳಲ್ಲಿ ಉಳಿಯಿತು.

ವಿಚಾರಣೆಯ ದಿನ ಹಿಮದ ಬಿರುಗಾಳಿ. ಪಿಯರ್‌ಗೆ ಹೋಗುವಂತಿರಲಿಲ್ಲ. ಚರ್ಚಿನ ಅಡುಗೆಮನೆಯಲ್ಲಿ ಟ್ಯಾಬ್ಲೆಟ್ಟನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿ ಎಲ್ಲರೂ ಸುತ್ತ ಕೂತರು. ವಾದ ನಡೆಯಿತು. ಕೊನೆಗೆ ಯಾರೋ ಒಬ್ಬ ಸದಸ್ಯ ಗಂಟಲು ಸರಿಮಾಡಿಕೊಂಡು, "ಈ ಮಸೂದೆಯನ್ನು ಅಧಿವೇಶನದ ನಲವತ್ತೊಂದನೆಯ ದಿನಕ್ಕೆ ಮುಂದೂಡಬೇಕೆಂದು ಸೂಚಿಸುತ್ತೇನೆ" ಎಂದ. ಸೂಚನೆಗೆ ಬಹುಮತ ಬಂತು.

"ಮುಂದೂಡಿದ್ರಾ? ಹೇಡಿಗಳು!" ಅಂದಳು ಯೂನಿಸ್.

"ಹೇಡಿಗಳಲ್ಲ, ಕಿಲಾಡಿಗಳು," ಅಂದಳು ಲವೊನ್. "ಕೊನೇ ದಿನ ಎಲ್ಲರೂ ಗಂಟುಮೂಟೆ ಕಟ್ಟೋ ಗಡಿಬಿಡೀಲಿ ಸದ್ದಿಲ್ದೆ ಪಾಸು ಮಾಡ್ಕೊಳ್ಳೋ ಉಪಾಯ ಇದು."

ಡ್ವೈಟ್‌ಗೆ ಫೋನ್ ಮಾಡಿ, "ನಲವತ್ತೊಂದನೇ ದಿನ ನಾವೆಲ್ಲ ಬರ್ತಾ ಇದೀವಿ, ಗೊತ್ತಿರ್ಲಿ" ಅಂದಳು. ಡ್ವೈಟ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಬನ್ನಿ ಬನ್ನಿ ಮಿಸೆಸ್ ಮೆಟ್ಲರ್, ಅವತ್ತು ಕುರ್ಚಿಗಳು ಬೇಕಾದಷ್ಟು ಖಾಲಿ ಇರ್ತವೆ!" ತಮಾಷೆ ಮಾಡುತ್ತಿದ್ದಾಳೆಂದು ಅವನು ತಿಳಿದ. ಅವನು ನಕ್ಕದ್ದು ಲವೊನ್‌ಗೆ ಸಂಶಯವನ್ನು ಇಮ್ಮಡಿ ಮಾಡಿತು. ಇನ್ನೂ ಆರು ಜನ ಶಾಸಕರಿಗೆ ಫೋನ್ ಮಾಡಿದಳು. ಎಲ್ಲರೂ ಅದೇ ನಗು. "ನಲವತ್ತೊಂದನೇ ದಿನ ಎಲ್ಲ ಸರಿಹೋಗುತ್ತೆ ಬಿಡಮ್ಮ" ಎಂದು ಒಬ್ಬ ಸಮಾಧಾನವನ್ನೂ ಹೇಳಿದ.

"ಎಲ್ಲ ಒಳಗೊಳಗೇ ಒಂದಾಗಿಬಿಟ್ಟಿದಾರೆ," ಎಂದು ಅವಳು ಯೂನಿಸ್‌ಗೆ ವರದಿ ಒಪ್ಪಿಸಿದಳು.

ಆರು ವಾರ ತಾಲೀಮು ನಡೆಯಿತು. ಒಬ್ಬೊಬ್ಬರಿಗೆ ಮೂರು ನಿಮಿಷ ಮಾತು. ಮೊಟ್ಟೆ ಬೇಯಿಸುವ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದರು. ಮಾರ್ಚ್ ಕೊನೆಯಲ್ಲಿ ನಲವತ್ತನೆಯ ದಿನ ಮುಗಿದ ಮಾರನೆಯ ಬೆಳಿಗ್ಗೆ, ಇಪ್ಪತ್ತೆರಡು ಹೆಂಗಸರು ಮಿಲ್ಟ್‌ನ ಬಸ್ಸು ಹತ್ತಿದರು. ಜೊತೆಗೆ ನಾಲ್ಕು ದೊಡ್ಡ ಪಾತ್ರೆ ಹಾಟ್‌ಡಿಶ್. ಕೆಳಗೆ ಕೊಚ್ಚಿದ ಮಾಂಸ, ನಡುವೆ ಅಣಬೆಯ ಗೊಜ್ಜು, ಮೇಲೆ ಗರಿಗರಿ ಆಲೂಗಡ್ಡೆ. ಶಾಸಕರಿಗೆ ಬಾಯಿಂದ ತಿಳಿಯದಿದ್ದರೆ ಹೊಟ್ಟೆಯಿಂದಲಾದರೂ ತಿಳಿಯಲಿ ಎಂಬುದು ಲವೊನ್‌ಳ ಲೆಕ್ಕ.

ಎರಡೂವರೆ ಗಂಟೆ ಪ್ರಯಾಣ ಮಾಡಿ ಶಾಸನಭವನದ ಬಾಗಿಲು ತಳ್ಳಿದರೆ ಒಳಗೆಲ್ಲ ಖಾಲಿ ಖಾಲಿ. ನಡುವಯಸ್ಸಿನ ಕೆಲಸಗಾರನೊಬ್ಬ ಯಂತ್ರ ಹಿಡಿದು ನೆಲಕ್ಕೆ ಹೊಳಪು ಕೊಡುತ್ತಿದ್ದ. ಅವನ ಅಂಗಿಯ ಮೇಲೆ "ರಸ್" ಎಂದು ಹೆಸರು ಹೊಲಿದಿತ್ತು.

"ನಲವತ್ತೊಂದನೇ ದಿನದ ವಿಚಾರಣೆ ಎಲ್ಲಿ?" ಲವೊನ್ ಕೇಳಿದಳು.

ರಸ್ ಯಂತ್ರ ನಿಲ್ಲಿಸಿದ. ಅವಳನ್ನು ನೋಡಿದ. ಅವಳ ಹಿಂದಿನ ಇಪ್ಪತ್ತೊಂದು ಜನರನ್ನು ನೋಡಿದ. ಪಾತ್ರೆ ಹೊತ್ತ ಮಿಲ್ಟ್‌ನನ್ನು ನೋಡಿದ.

"ಅಮ್ಮಾ, ನಲವತ್ತೊಂದನೇ ದಿನ ಅನ್ನೋದೇ ಇಲ್ಲ. ಇರೋದೇ ನಲವತ್ತು. ಬಿಲ್ಲನ್ನ ಸಾಯಿಸಬೇಕಾದ್ರೆ ಹಾಗಂತಾರೆ."

"ಸಾಯಿಸೋದಕ್ಕಾ?"

"ಹೂಂ. ಇಲ್ದೇ ಇರೋ ದಿನಕ್ಕೆ ಹಾಕ್ಬಿಟ್ರೆ ಅದು ಮತ್ತೆ ಎದ್ದೇಳಲ್ವಲ್ಲ."

"ಹಾಗಾದ್ರೆ ಸಾಯಿಸಿದ್ವಿ ಅಂತ ಬಾಯಿಬಿಟ್ಟು ಹೇಳೋಕೆ ಇವರಿಗೇನು ರೋಗ?"

ಇಪ್ಪತ್ತೊಂದು ಜೊತೆ ಕಣ್ಣು ಲವೊನ್‌ಳ ಬೆನ್ನ ಮೇಲೆ ನೆಟ್ಟವು. ಅವಳ ಕತ್ತಿನಿಂದ ಬಿಸಿ ಏರಿ ಕಿವಿಯ ತುದಿ ಕೆಂಪಾಯಿತು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅನ್ನ ಸೀಯಿಸದವಳಿಗೆ, ಊರಿಗೆ ಊರನ್ನೇ ಕರೆತಂದು ಸೀಯಿಸಿಕೊಂಡಂತಾಯಿತು.

"ಅಂದ್ರೆ ನಾವು ಗೆದ್ದು ಆರು ವಾರ ಆಯ್ತು," ಯೂನಿಸ್ ನಿಧಾನವಾಗಿ ಅಂದಳು. "ಆರು ವಾರದಿಂದ ನಾನು ದಿನಾ ಬೆಳಿಗ್ಗೆ ಮಂಡಿಯೂರಿ ಪ್ರಾರ್ಥನೆ ಮಾಡ್ತಾ ಇದೀನಿ ಲವೊನ್. ನನ್ನ ಮಂಡಿ ನೋಡಿದೀಯಾ?"

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಅಷ್ಟೇ ಸಾಕಾಯಿತು. ಇಪ್ಪತ್ತೊಂದು ಹೆಂಗಸರ ನಗು ಗುಮ್ಮಟದ ತುದಿಗೆ ಬಡಿದು ವಾಪಸು ಬಂತು. ಲವೊನ್ ಮಾತ್ರ ನಗಲಿಲ್ಲ.

"ಮೂರು ನಿಮಿಷ ಮಾತಾಡೋಕೆ ಎರಡೂವರೆ ಗಂಟೆ ಬಂದಿದೀನಿ. ಮಾತಾಡದೆ ಹೋಗಲ್ಲ. ರೂಮು ತೆಗಿಯಪ್ಪ."

ರಸ್ ಸಮಿತಿಯ ಕೊಠಡಿ ತೆಗೆದ. ಹೇಗೂ ತೆಗೆದೆನಲ್ಲ ಎಂದು ಅಧ್ಯಕ್ಷರ ಕುರ್ಚಿಯಲ್ಲಿ ತಾನೇ ಕೂತ. ಲವೊನ್ ಮೈಕಿನ ಮುಂದೆ ನಿಂತು ಪೂರ್ತಿ ಮೂರು ನಿಮಿಷ, ಸತ್ತು ಆರು ವಾರವಾದ ಮಸೂದೆಯನ್ನು ಇನ್ನೊಮ್ಮೆ ಕೊಂದಳು. ಮುಗಿದಾಗ ರಸ್ ಮೇಜು ಕುಟ್ಟಿ, "ನಾನಂತೂ ನಿಮ್ಮ ಪರ" ಎಂದ.

"ಅದು ಸರಿ. ಹಾಟ್‌ಡಿಶ್ ಆರ್ತಾ ಇದೆ," ಅಂದ ಮಿಲ್ಟ್. ಬೆಳಗಿನಿಂದ ಅವನಾಡಿದ ಮೊದಲ ಮಾತು ಅದು.

ಪಾತ್ರೆಗಳ ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಖಾಲಿ ಕಟ್ಟಡದ ಮೂಲೆಮೂಲೆಯಿಂದ ಜನ ಹೊರಬಂದರು. ಗುಮಾಸ್ತರು, ಬಣ್ಣ ಬಳಿಯುವವರು, ಮಸೂದೆ ಕರಡು ತಿದ್ದಿ ಕಣ್ಣು ಕಳೆದುಕೊಂಡವರು, ಎಲ್ಲ ಸೇರಿ ಅರವತ್ತಕ್ಕೂ ಹೆಚ್ಚು ಮಂದಿ. ಬೂದು ಕೋಟು ತೊಟ್ಟ ಸಣಕಲು ಹೆಂಗಸೊಬ್ಬಳು ಎರಡನೆಯ ಸಲ ತಟ್ಟೆ ಹಿಡಿದು ಬಂದಳು.

"ಮೂಲೆ ತುಂಡು ಹಾಕ್ತೀನಿ, ಗರಿಗರಿ ಇರುತ್ತೆ," ಅಂದಳು ಲವೊನ್. "ಬಡಕಲಾಗಿದೀಯಲ್ಲಮ್ಮ, ಇಲ್ಲಿ ಏನು ಕೆಲಸ ನಿಂದು?"

"ಮೇಜು ಖಾಲಿ ಮಾಡೋಕೆ ಬಂದಿದ್ದೆ. ನಾನು ಕೊರಿನ್ ಆಸ್ಟ್‌ಬಿ. ಆ ಹನ್ನೊಂದು ಅರವತ್ಮೂರು ತಂದವಳು."

ಸೌಟು ಗಾಳಿಯಲ್ಲೇ ನಿಂತಿತು. ಮೂಲೆ ತುಂಡಿನಿಂದ ಅಣಬೆಯ ಗೊಜ್ಜು ತೊಟ್ಟಿಕ್ಕಿತು. ಕೊನೆಗೆ ಲವೊನ್ ಅದನ್ನು ತಟ್ಟೆಗೇ ಹಾಕಿದಳು. ಬಡಿಸಲು ಎತ್ತಿದ್ದನ್ನು ಮತ್ತೆ ಪಾತ್ರೆಗೆ ಹಾಕುವುದು ಅವಳ ಕೈಗೆ ಒಗ್ಗದ ಕೆಲಸ.

"ಇದಕ್ಕೆ ಲೈಸೆನ್ಸ್ ಬೇಕಾ?" ಎಂದಳು.

"ಇದಕ್ಕಂತೂ ಬೇಡ," ಕೊರಿನ್ ಬಾಯಿ ತುಂಬಿಕೊಂಡೇ ಹೇಳಿದಳು.

ನಲವತ್ತೊಂದನೆಯ ದಿನಕ್ಕೆ ಬಂದ ಹೆಂಗಸರ ಕಥೆ ಒಂದೇ ವಾರದಲ್ಲಿ ರಾಜ್ಯವಿಡೀ ಹಬ್ಬಿತು. ಲವೊನ್ ಒಂದು ತಿಂಗಳು ದಿನಸಿ ಅಂಗಡಿಗೂ ಹೋಗಲಿಲ್ಲ, ಮಿಲ್ಟ್‌ನನ್ನೇ ಕಳಿಸಿದಳು. ಆದರೆ ನಗೆಪಾಟಲಿಗೂ ಒಂದು ಬಲವಿತ್ತು. ಅಷ್ಟು ಕಾರ್ಡು ಬರೆದಾಗ ಯಾರಿಗೂ ನೆನಪುಳಿಯದ ಹೆಸರು ಈಗ ಪ್ರತಿ ಶಾಸಕನ ಬಾಯಲ್ಲೂ ಇತ್ತು. ಯಾರಾದರೂ ಒಲೆ, ಪಾತ್ರೆ, ಊಟ ಅಂತ ಮಸೂದೆ ಬರೆಯಹೊರಟರೆ ಪಕ್ಕದವನು, "ಮೊದಲು ಮೆಟ್ಲರಮ್ಮನನ್ನ ಕೇಳಪ್ಪ, ಇಲ್ದಿದ್ರೆ ಬಸ್ಸು ಬರುತ್ತೆ" ಅನ್ನುತ್ತಿದ್ದ.

ಡಿಸೆಂಬರಿನಲ್ಲಿ ಕೊರಿನ್ ಆಸ್ಟ್‌ಬಿ ಫೋನ್ ಮಾಡಿದಳು. "ಮಿಸೆಸ್ ಮೆಟ್ಲರ್, ಬರೆಯೋಕೆ ಮುಂಚೆ ಕೇಳ್ತಾ ಇದೀನಿ. ನಿಜ ಹೇಳಿ. ನಿಮ್ಮ ಚರ್ಚಿನ ಊಟದಿಂದ ಯಾರಿಗೂ ಯಾವತ್ತೂ ಹೊಟ್ಟೆ ಕೆಟ್ಟಿಲ್ವಾ?"

ಲವೊನ್ ಸುಳ್ಳು ಹೇಳಬಹುದಿತ್ತು. ಆದರೆ ಅಡುಗೆಯ ವಿಷಯದಲ್ಲಿ ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

"ಒಂದ್ಸಲ," ಎಂದಳು. "ಆಲೂಗಡ್ಡೆ ಸಲಾಡು. ಅದರಲ್ಲಿ ಮೊಟ್ಟೆಯ ಮಯೋನೀಸ್, ಹೊರಗೆ ಜುಲೈ ಬಿಸಿಲು. ಸಂಜೆ ಪ್ರಾರ್ಥನೇಲಿ ಹಾಡ್ತಾ ಹಾಡ್ತಾ ಗಾಯಕರು ಒಬ್ಬೊಬ್ಬರಾಗಿ ಎದ್ದು ಓಡಿದ್ರು. ಕೊನೇ ಚರಣಕ್ಕೆ ಉಳಿದದ್ದು ಆರ್ಗನ್ ಬಾರಿಸೋಳೊಬ್ಬಳೇ. ಅವಳು ಸಲಾಡು ತಿಂದಿರ್ಲಿಲ್ಲ."

ಇಬ್ಬರೂ ಒಂದು ಗಂಟೆ ಜಗಳವಾಡಿ ಪರವಾನಗಿ ಕಿತ್ತುಹಾಕಿದರು, ತರಬೇತಿ ಕಿತ್ತುಹಾಕಿದರು, ಕೊನೆಗೆ ಎರಡೇ ಸಾಲು ಉಳಿಸಿದರು: ಸಾರ್ವಜನಿಕ ಊಟದಲ್ಲಿ ಮಯೋನೀಸ್ ಹಾಕಿದ ಪದಾರ್ಥವನ್ನು ಮಂಜುಗಡ್ಡೆಯ ಮೇಲೆ ಇಡತಕ್ಕದ್ದು.

ಫೆಬ್ರವರಿಯಲ್ಲಿ, ನಿಜವಾದ ದಿನದಂದು, ನಿಜವಾದ ಸಮಿತಿಯ ಮುಂದೆ ಲವೊನ್ ಒಂದು ಹೊಸ ಕಾನೂನಿನ ಪರವಾಗಿ ಮಾತಾಡಲು ನಿಂತಳು. ಹಿಂದಿನ ಸಾಲಿನಲ್ಲಿ ಯೂನಿಸ್ ಕೈಕಟ್ಟಿ ಕೂತಿದ್ದಳು. "ಬೇಡವೇ ಬೇಡ ಅಂತಿದ್ದೋಳು ಈಗ ಸರ್ಕಾರದ ಕಡೆ ಸೇರಿಬಿಟ್ಲು" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಚುಚ್ಚಿದ್ದಳು.

"ಮಿಸೆಸ್ ಮೆಟ್ಲರ್," ಒಬ್ಬ ಸದಸ್ಯ ತುಂಟನಗೆಯಲ್ಲಿ ಕೇಳಿದ, "ನಿಮ್ಮ ಪುಸ್ತಕದಲ್ಲಿ ಎರಡೇ ಕಾಲಂ ಅಂತ ಕೇಳಿದೀವಿ. ಇದು ಯಾವುದರಲ್ಲಿದೆ?"

"ಮೂರನೇದು ಹಾಕಿದೀನಿ. 'ಹಾಳಾಗ್ಲಿ, ಆಗ್ಲಿ' ಅಂತ."

ನಗು ನಿಂತ ಮೇಲೆ ಇನ್ನೊಬ್ಬ, "ಆ ಸಲಾಡು ಯಾರು ಮಾಡಿದ್ದು?" ಎಂದ.

"ಅದನ್ನ ಹೇಳಲ್ಲ ಸ್ವಾಮಿ," ಅಂದಳು ಲವೊನ್ ಗಂಭೀರವಾಗಿ. "ನಲವತ್ತು ವರ್ಷದ ಗೆಳತಿ. ಪ್ರಾಣ ಹೋದ್ರೂ ಹೇಳಲ್ಲ."

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. "ಮಯೋನೀಸ್ ಹಳೇದಾಗಿತ್ತು!" ಯೂನಿಸ್ ಎದ್ದು ನಿಂತು ಕೂಗಿದಳು. "ನಾನು ಅಂಗಡಿಯಿಂದ ತಂದದ್ದೇ ಹಾಗಿತ್ತು! ಸಲಾಡಿಗೆ ಏನೂ ಆಗಿರ್ಲಿಲ್ಲ!"

ಆ ಮಾತು ಮೈಕಿಗೂ ಬಿತ್ತು. ಟೋರ್ಸ್‌ಬಿಯ ಮನೆಮನೆಗಳಲ್ಲಿ, ಆ ಸಂಜೆ ಹಾಡುತ್ತಾ ಓಡಿಹೋಗಿದ್ದವರೆಲ್ಲ ಇಷ್ಟು ವರ್ಷಗಳ ಮೇಲೆ ನಿಜಾಂಶ ಕೇಳಿಸಿಕೊಂಡರು. ಮಸೂದೆ ಒಂಬತ್ತಕ್ಕೆ ನಾಲ್ಕು ಮತದಿಂದ ಸಮಿತಿ ದಾಟಿತು, ಆಮೇಲೆ ಎರಡೂ ಸದನ ದಾಟಿ ಕಾನೂನಾಯಿತು.

ಯೂನಿಸ್ ಮಾತು ಬಿಟ್ಟಳು. ಚರ್ಚಿನಲ್ಲಿ ಎರಡು ಸಾಲು ಹಿಂದೆ ಹೋಗಿ ಕೂತಳು. ಲವೊನ್ ಎರಡು ಸಲ ಕಡುಬು ಕಳಿಸಿದಳು. ಎರಡು ಸಲವೂ ತಟ್ಟೆ ತೊಳೆದು ವಾಪಸು ಬಂತು, ಮಾತು ಬರಲಿಲ್ಲ. ಅಧಿವೇಶನ ಕೇಳುವಾಗಲೂ ಲವೊನ್‌ಗೆ ಮೊದಲಿನ ಹುರುಪಿರಲಿಲ್ಲ. ಬೈಯುವುದಕ್ಕೆ ಬೇಕಾದಷ್ಟಿತ್ತು, ಜೊತೆಗೆ ಕೂತು ಬೈಯುವವರು ಇರಲಿಲ್ಲ.

ಜುಲೈಯಲ್ಲಿ ಊರಿನ ಹಳೆಯ ಅಂಚೆಯವನು ತೀರಿಕೊಂಡ. ಇನ್ನೂರು ಜನ ಬಂದರು. ಲವೊನ್ ಚರ್ಚಿನ ಊಟದ ಮೇಜಿನ ಮೇಲೆ ಬಟ್ಟೆ ಹಾಸುತ್ತಿದ್ದಾಗ ಯಾರೋ ಬಾಗಿಲನ್ನು ಕಾಲಿನಿಂದ ಒದ್ದು ತೆರೆದರು. ಯೂನಿಸ್ ಮತ್ತು ಅವಳ ಇಬ್ಬರು ಅಳಿಯಂದಿರು, ದನಕ್ಕೆ ನೀರು ಕುಡಿಸುವ ತಗಡಿನ ತೊಟ್ಟಿಯೊಂದನ್ನು ಏದುಸಿರು ಬಿಡುತ್ತಾ ಹೊತ್ತು ತಂದರು. ತೊಟ್ಟಿಯ ತುಂಬ ಮಂಜುಗಡ್ಡೆ. ಅದರ ನಟ್ಟನಡುವೆ, ಒಂದು ಸಣ್ಣ ಬಟ್ಟಲಲ್ಲಿ, ಆಲೂಗಡ್ಡೆ ಸಲಾಡು.

"ಕಾನೂನಿನ ಪ್ರಕಾರ ಇದೆಯಾ ನೋಡ್ಕೊಳಮ್ಮ," ಅಂದಳು ಯೂನಿಸ್, ದಢಾರನೆ ಇಳಿಸಿ.

ಲವೊನ್ ತೊಟ್ಟಿಯ ಸುತ್ತ ಒಂದು ಸುತ್ತು ಬಂದಳು. ಚಮಚ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ಮೊದಲ ತುತ್ತು ತಾನೇ ತಿಂದಳು.

"ಉಪ್ಪು ಕಮ್ಮಿ," ಅಂದಳು.

"ಅದಕ್ಕೂ ಒಂದು ಕಾನೂನು ಮಾಡಿಸ್ಕೊಂಡು ಬಾ ಹೋಗು," ಅಂದಳು ಯೂನಿಸ್, ಉಪ್ಪಿನ ಡಬ್ಬಿ ಅವಳ ಕೈಗೆ ಕೊಡುತ್ತಾ.